ಅರ್ಧ ಟ್ಯಾಂಕು

"ಏ ಆಮೆ, ಬೋಳಿಮಗನೆ! ಪೈಪು ನೀರಿನ ಸಂಪಿನೊಳಗೆ ಇಡೋ ಅಂದ್ರೆ ಹೂವಿನ ಕುಂಡಕ್ಕೆ ಇಡ್ತಿಯಲ್ಲೋ! ಕಣ್ಣು ಎಲ್ಲಿಟ್ಕೊಂಡಿದ್ಯಾ?"

ಅಗ್ನಿಶಾಮಕ ಠಾಣೆಯ ಸಾಹೇಬರು ತಮ್ಮ ಮನೆಯ ವರಾಂಡದಲ್ಲಿ ಬನಿಯನ್ನಿನಲ್ಲಿ ನಿಂತು, ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ಸೋಪು ಹಚ್ಚಿಕೊಂಡೇ ಬೈಯುತ್ತಿದ್ದರು. ಬೈಸಿಕೊಂಡವನು ಬೆಂಕಿ ಗಾಡಿಯ ಡ್ರೈವರ್. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು, ಠಾಣೆಯಲ್ಲಿ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ. ತಿರುವು ಕಂಡರೆ ಗೇರು ಇಳಿಸುತ್ತಾನೆ, ಸೈರನ್ ಹೊಡೆದುಕೊಳ್ಳುತ್ತಿದ್ದರೂ ಕೂಡುರಸ್ತೆಯಲ್ಲಿ ನಿಂತು ಎರಡೂ ಕಡೆ ನೋಡಿಯೇ ದಾಟುತ್ತಾನೆ ಅಂತ ಆಮೆ ಎಂಬ ಹೆಸರು ಬಿತ್ತು, ಬಿದ್ದದ್ದು ಅಂಟಿಕೊಂಡಿತು. ಅವನ ಗಾಡಿಯ ಚಕ್ರಕ್ಕೆ ಇಷ್ಟು ವರ್ಷದಲ್ಲಿ ಒಂದು ನಾಯಿಯೂ ಸಿಕ್ಕಿರಲಿಲ್ಲ. ಅದಕ್ಕೆ ಯಾರೂ ಶಭಾಷ್ ಅಂದಿರಲಿಲ್ಲ, ಬಿಡಿ.

ಊರಿನ ನಲ್ಲಿಗಳು ಒಣಗಿದ್ದವು. ಸಾಹೇಬರ ಮನೆಯ ಸಂಪು ಮಾತ್ರ ಒಣಗುತ್ತಿರಲಿಲ್ಲ. ಬೆಂಕಿ ಗಾಡಿ ಬಂದು ನಿಲ್ಲುತ್ತಿತ್ತು, ಅರ್ಧ ಟ್ಯಾಂಕು ನೀರು ಸಂಪಿಗೆ ಇಳಿಯುತ್ತಿತ್ತು. ಗೇಟಿನಾಚೆ ಕೊಡ ಹಿಡಿದ ಹೆಂಗಸರು ನೋಡುತ್ತಾ ನಿಂತರೆ ಅಮ್ಮಾವ್ರು, ಅಂದರೆ ಸಾಹೇಬರ ಹೆಂಡತಿ, "ಇದು ಬೆಂಕಿ ಆರ್ಸೋ ನೀರು ಕಣ್ರೇ, ಕುಡಿಯೋ ನೀರಲ್ಲ, ನಡೀರಿ ನಡೀರಿ" ಎಂದು ಅಟ್ಟುತ್ತಿದ್ದರು.

ಆಮೆಯ ಹೆಂಡತಿ ಅದೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸಂಪಿನ ಕಬ್ಬಿಣದ ಮುಚ್ಚಳ ಎತ್ತುವ ಕೆಲಸವೂ ಅವಳದೇ. ಅವತ್ತೂ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಚ್ಚಳ ಎಳೆದುಕೊಟ್ಟಳು. ಪೈಪು ಹಿಡಿದಿದ್ದವನು ಅವಳ ತಮ್ಮ, ಆಮೆಯ ಬಾಮೈದ. ಭಾವನ ಗಾಡಿಯಲ್ಲೇ ಕೆಲಸಕ್ಕೆ ಸೇರಿದ್ದ, ಬಾಯಿಗೆ ಬೀಗವಿಲ್ಲದ ಆಸಾಮಿ.

"ಅಕ್ಕಾ, ನಿಮ್ಮ ಸಾಹೇಬ್ರ ಸಂಪಿಗೆ ವಾರ ವಾರ ಬೆಂಕಿ ಬೀಳತ್ತಲ್ಲೇ. ಆರ್ಸಿ ಆರ್ಸಿ ಸಾಕಾಯ್ತು ನಂಗೆ."

"ಬಾಯ್ಮುಚ್ಚೋ ಮುಂಡೇದೆ, ಕೇಳಿಸ್ಕೊಂಡ್ರೆ ನಿನ್ನ ಹೊಟ್ಟೆಗೆ ಬೆಂಕಿ ಇಡ್ತಾರೆ," ಎಂದಳು. ನಗು ತಡೆಯಲಾರದೆ ಮುಖ ತಿರುಗಿಸಿ ಹಿತ್ತಲಿನ ಪಾತ್ರೆಗಳ ಕಡೆ ಹೋದಳು.

ಆಮೆ ನಗಲಿಲ್ಲ. ಅವನ ಕಣ್ಣು ಟ್ಯಾಂಕಿನ ಪಕ್ಕದ, ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿ ಇಳಿಯುತ್ತಿದ್ದ ನೀರಿನ ಮೇಲಿತ್ತು. ಬೆಳಿಗ್ಗೆ ಬೆಳಿಗ್ಗೆ ಡ್ರಿಲ್ಲಿನಲ್ಲಿ ಇದೇ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೂಗಿಸುತ್ತಿದ್ದ ಪಾಠ ಇತ್ತಲ್ಲ, ಅದು ಅವನ ತಲೆಯಲ್ಲಿ ಓಡುತ್ತಿತ್ತು. "ಟ್ಯಾಂಕು ಹೆಂಗಿರ್ಬೇಕು?" "ತುಂಬಿರ್ಬೇಕು, ಇಲ್ಲ ಖಾಲಿ ಇರ್ಬೇಕು ಸಾರ್!" "ಅರ್ಧ ಇದ್ರೆ?" "ಮಗುಚಿ ಬೀಳತ್ತೆ ಸಾರ್!" ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧ ಇದ್ದರೆ ತಿರುವಿನಲ್ಲಿ ಅಷ್ಟೂ ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ. ಅರ್ಧ ಕೊಡ ಹೊತ್ತು ನಡೆದ ಯಾವ ಹೆಂಗಸನ್ನು ಕೇಳಿದರೂ ಹೇಳಿಯಾಳು. ನೀರನ್ನು ತಡೆಯಲೆಂದು ಟ್ಯಾಂಕಿನ ಒಳಗೆ ಅಡ್ಡ ತಗಡುಗಳಿದ್ದವು, ಅವು ತುಕ್ಕು ಹಿಡಿದು ಉದುರಿ ಎಷ್ಟೋ ಕಾಲವಾಗಿತ್ತು. ಹಾಕಿಸಿ ಅಂತ ಕೇಳಿದವರಿಗೆ ಸಾಹೇಬರು, "ನಿಮ್ಮಪ್ಪನ ಮನೆಯಿಂದ ತಂದು ಹಾಕ್ಸು" ಎಂದಿದ್ದರು.

ನೀರು ಅರ್ಧಕ್ಕೆ ಬಂದಿತ್ತು. ಗಾಡಿಯೊಳಗಿನ ವೈರ್‌ಲೆಸ್ ಕಿರುಚಿದ್ದು ಆಗಲೇ. ನದಿಯಾಚೆ ಹತ್ತಿ ಗೋದಾಮಿಗೆ ಬೆಂಕಿ. ಮೇಲಿನ ಕೋಣೆಗಳಲ್ಲಿ ಹಮಾಲರ ಸಂಸಾರಗಳಿವೆಯಂತೆ.

"ಸಾರ್, ಟ್ಯಾಂಕು ಅರ್ಧ ಇದೆ. ಠಾಣೆ ಹಾದೀಲೇ ಇದೆ, ತುಂಬಿಸ್ಕೊಂಡು ಹೋಗ್ಬಿಡೋಣ."

ಸಾಹೇಬರು ಸೋಪನ್ನು ಟವೆಲ್ಲಿನಲ್ಲಿ ಒರೆಸಿಕೊಂಡು, ಅಂಗಿಗೆ ಕೈ ತೂರಿಸುತ್ತಲೇ ಬಂದು ಮುಂದಿನ ಸೀಟಿನಲ್ಲಿ ಕೂತರು. "ತುಂಬಿಸ್ತಾ ಕೂತು, ಇಷ್ಟೊತ್ತು ಗಾಡಿ ಎಲ್ಲಿತ್ತು ಅಂತ ಮೇಲಿನವ್ರು ಕೇಳಿದ್ರೆ? ನನ್ನ ಮನೆ ಸಂಪು ತೋರಿಸ್ಲಾ? ನಡಿಯೋ!"

ಬಾಮೈದ ಹಿಂದಿನ ಮೆಟ್ಟಿಲ ಮೇಲೆ ಹತ್ತಿ ಸರಳು ಹಿಡಿದು ನಿಂತ. ಅವನ ಜಾಗ ಅದು. "ರೈಟ್ ಭಾವ!" ಎಂದು ತಗಡಿಗೆ ಬಡಿದ.

ಆಮೆ ಮೊದಲ ತಿರುವಿನಲ್ಲಿ ಗೇರು ಇಳಿಸಿದ. ಬೆನ್ನ ಹಿಂದೆ ನೀರು ಧಡ್ ಎಂದು ಬಡಿಯಿತು, ಸ್ಟೇರಿಂಗು ಕೈಯಲ್ಲೇ ಜಗ್ಗಿತು. ಅವನು ಇನ್ನೂ ನಿಧಾನ ಮಾಡಿದ.

"ಮದುವೆ ದಿಬ್ಬಣ ಹೊರಟಿದ್ಯೇನೋ?" ಪಕ್ಕದಲ್ಲಿದ್ದ ಸಾಹೇಬರು ಅವನ ತಲೆಯ ಹಿಂಭಾಗಕ್ಕೆ ಒಂದು ಕೊಟ್ಟರು. "ಕಾಲಿಗೆ ಲಕ್ವ ಹೊಡೆದಿದ್ಯಾ? ಅಲ್ಲಿ ಸುಡ್ತಿರೋದು ನಿಮ್ಮಂಥೋರೇ ಕಣೋ ಬೇವರ್ಸಿ! ಒತ್ತೋ!"

"ಸಾರ್, ನೀರು..."

"ನಿನ್ನ ನೀರಿಗಿಷ್ಟು ಬೆಂಕಿ ಹಾಕ! ಒತ್ತು, ಇಲ್ಲ ನಾಳೆಯಿಂದ ಮನೇಲಿ ಬಿದ್ದಿರು!" ಇನ್ನೊಂದು ಏಟು ಬಿತ್ತು. ಟೋಪಿ ಕಾಲ ಬಳಿ ಉರುಳಿತು.

ಆಮೆ ಒತ್ತಿದ. ಅವನದೇ ಕಾಲು, ಅವನೇ ಒತ್ತಿದ.

ಸೇತುವೆಗೆ ತಿರುಗುವಲ್ಲಿ ನೀರು ಒಂದು ಸಲ ಆಚೆ ಹೋಯಿತು. ಈಚೆ ಬಂತು. ಗಾಡಿ ದಣಿದ ಎತ್ತಿನ ಹಾಗೆ ಪಕ್ಕಕ್ಕೆ ಮಲಗಿತು.

ಸಾಹೇಬರ ಮೊಣಕೈ ತರಚಿತ್ತು. ಆಮೆಯ ಭುಜದ ಮೂಳೆ ಮುರಿದಿತ್ತು. ಬಾಮೈದ ಗಾಡಿಯ ಕೆಳಗಿದ್ದ. ಅವನ ಒಂದು ಬೂಟು ಮಾತ್ರ ಹೊರಗೆ ಕಾಣುತ್ತಿತ್ತು. ಒಡೆದ ಟ್ಯಾಂಕಿನ ನೀರು ಅದನ್ನು ತೊಳೆಯುತ್ತಾ ಚರಂಡಿಗೆ ಹರಿಯುತ್ತಿತ್ತು. ಸೈರನ್ ಕೂಗುತ್ತಲೇ ಇತ್ತು, ಯಾರೋ ಬಂದು ವೈರು ಕಿತ್ತರು. ಗೋದಾಮನ್ನು ಪಕ್ಕದ ಊರಿನ ಗಾಡಿ ಬಂದು ಆರಿಸಿತಂತೆ. ಅಷ್ಟರಲ್ಲಿ ಆರಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಸಾಹೇಬರು ಸ್ಟೂಲು ಎಳೆದುಕೊಂಡು ಆಮೆಯ ಮಂಚದ ಪಕ್ಕ ಕೂತರು. ಅವನನ್ನು ಅವರು ಬೈಯದೆ ಮಾತಾಡಿಸಿದ್ದು ಅದೇ ಮೊದಲು.

"ನೋಡಪ್ಪ, ಆಗೋದು ಆಗೋಯ್ತು. ಹೋದವನೇನು ವಾಪಸ್ ಬರಲ್ಲ. ವಿಚಾರಣೆಗೆ ಬಂದೋರ ಹತ್ರ, ನಾನೇ ಜೋರಾಗಿ ಓಡಿಸ್ದೆ ಅಂತ ಒಂದು ಮಾತು ಹೇಳ್ಬಿಡು. ಟ್ಯಾಂಕಿನ ಸುದ್ದಿ ಎತ್ಬೇಡ. ನಿನ್ನ ಕೆಲ್ಸ ಉಳಿಸೋದು ನಂಗಿರ್ಲಿ. ನಿನ್ನ ಹೆಂಡ್ತಿನೂ ನಮ್ಮನೇಲೇ ಇದಾಳೆ ನೋಡು, ಅವಳನ್ನೂ ಬಿಡ್ಸಲ್ಲ. ಇಲ್ಲ ಅಂದ್ಯೋ, ಇಬ್ರೂ ಬೀದಿಗೆ ಬರ್ತೀರಾ."

ಆಮೆ ಸೀಲಿಂಗಿನ ಫ್ಯಾನು ನೋಡುತ್ತಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಹೂಂ ಅಂದ.

ವಿಚಾರಣೆಯ ಅಧಿಕಾರಿ ಮೂಗಿನ ತುದಿಗೆ ಕನ್ನಡಕ ಇಳಿಸಿ ಕೇಳಿದ. "ನಿನ್ನ ಎಲ್ರೂ ಆಮೆ ಅಂತಾರಂತೆ?"

"ಹೂಂ ಸಾರ್."

"ಮತ್ತೆ ಇದು ಹೆಂಗಾಯ್ತು?"

"ಜೋರಾಗಿ ಓಡಿಸ್ದೆ ಸಾರ್."

ಮಾತು ಬೇರೆ ಯಾರದೋ ಬಾಯಿಂದ ಬಂದಂತೆ ಅವನಿಗೆ ಕೇಳಿಸಿತು. ಬಾಗಿಲ ಬಳಿ ಹೆಂಡತಿ ನಿಂತಿದ್ದಳು. ಮನೆಗೆ ಬಂದ ಮೇಲೆ ಅವಳು ಒಲೆಯ ಮುಂದೆ ಕೂತು, ಅವನ ಕಡೆ ತಿರುಗದೆ ಕೇಳಿದಳು.

"ಇಷ್ಟು ವರ್ಷ ತೆವಳ್ತಾ ಓಡಿಸ್ದೋನಿಗೆ, ನನ್ನ ತಮ್ಮ ಹಿಂದೆ ನಿಂತಾಗ್ಲೇ ಜೋರು ಬಂತಾ?"

"ಹೂಂ."

"ಯಾಕೆ?"

ಅವನು ಗೋಡೆ ನೋಡಿದ. ಗೋಡೆಯ ಮೊಳೆಗೆ ಬಾಮೈದನ ಇನ್ನೊಂದು ಜೊತೆ ಯೂನಿಫಾರಂ ತೂಗುತ್ತಿತ್ತು. ಆಮೇಲೆ ಅವಳು ಅವನ ಜೊತೆ ಮಾತಾಡುವುದನ್ನೇ ಬಿಟ್ಟಳು. ತಟ್ಟೆ ತಂದಿಡುವಳು, ಅವನು ಉಣ್ಣುವನು, ತಟ್ಟೆ ಎತ್ತುವಳು. ಏನು ಉಂಡೆ ಅಂತ ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಒಂದು ಸಲ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಎತ್ತಿದ, ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಮಾರನೆಯ ದಿನ ತಿಳಿಯಿತು. ಸತ್ತವನು ಬಾಮೈದನೋ ತಾನೋ ಅಂತ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ಭುಜ ಕೂಡಿಕೊಂಡಿತು. ಸಾಹೇಬರು ಮಾತು ಉಳಿಸಿಕೊಂಡರು, ಕೆಲಸ ಹೋಗಲಿಲ್ಲ. ಗಾಡಿಗೆ ಬೆಸುಗೆ ಹಾಕಿ ಕೆಂಪು ಬಣ್ಣ ಬಳಿದು ತಂದು ನಿಲ್ಲಿಸಿದ್ದರು. ಅಡ್ಡ ತಗಡು ಹಾಕಿಸಿರಲಿಲ್ಲ. ಡ್ರಿಲ್ಲಿನ ಸಾಲಿನಲ್ಲಿ ಆಮೆಯ ಪಕ್ಕ ಬಾಮೈದನ ಜಾಗ ಖಾಲಿ ಇತ್ತು.

"ಟ್ಯಾಂಕು ಹೆಂಗಿರ್ಬೇಕು?"

"ತುಂಬಿರ್ಬೇಕು, ಇಲ್ಲ ಖಾಲಿ ಇರ್ಬೇಕು ಸಾರ್!"

"ಅರ್ಧ ಇದ್ರೆ?"

"ಮಗುಚಿ ಬೀಳತ್ತೆ ಸಾರ್!"

ಎಲ್ಲರ ಜೊತೆ ಆಮೆಯೂ ಕೂಗಿದ. ಸಾಹೇಬರ ಕಣ್ಣು ರೆಪ್ಪೆ ಕೂಡ ಹೊಡೆಯಲಿಲ್ಲ. ಸಾಲು ಚದುರಿದ ಮೇಲೆ ಅವರು ಹತ್ತಿರ ಬಂದು ಹೇಳಿದರು. "ಮನೇಲಿ ಸಂಪು ತಳ ಕಂಡಿದೆ. ಗಾಡಿ ತಗೊಂಡ್ ಬಾ."

ಅವತ್ತು ಪೈಪು ಹಿಡಿಯಲು ಬೇರೆ ಯಾರನ್ನೂ ಕೊಟ್ಟಿರಲಿಲ್ಲ. ಹೆಂಡತಿ ಬಂದು ಮುಚ್ಚಳ ಎಳೆದಳು, ಅವನ ಮುಖ ನೋಡದೆ ಹಿತ್ತಲಿಗೆ ಹೋದಳು. ಆಮೆ ಪೈಪು ಇಳಿಸಿ ವಾಲ್ವು ತಿರುಗಿಸಿದ. ಗಾಜಿನ ನಳಿಗೆಯಲ್ಲಿ ನೀರು ಇಳಿಯತೊಡಗಿತು. ಗೇಟಿನಾಚೆ ಅದೇ ಹೆಂಗಸರು, ಅವೇ ಕೊಡಗಳು.

"ಸಾಕು, ಅರ್ಧ ಆಯ್ತು. ನಿಲ್ಸು," ಎಂದರು ವರಾಂಡದಿಂದ ಸಾಹೇಬರು.

ಆಮೆ ವಾಲ್ವಿನ ಹಿಡಿಗೆ ಕೈ ಹಾಕಿದ. ಹಿಡಿಯನ್ನು ಕಳಚಿದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಹಿಂದಿನ ಮೆಟ್ಟಿಲ ಮೇಲೆ, ಬಾಮೈದ ನಿಲ್ಲುತ್ತಿದ್ದ ಜಾಗದಲ್ಲಿ ಕೂತುಬಿಟ್ಟ.

"ಕಿವಿ ಕೇಳ್ಸಲ್ವೇನೋ? ನಿಲ್ಸೋ!"

ಅವನು ಕೂತೇ ಇದ್ದ. ಸಂಪು ತುಂಬಿತು. ಬಾಯಿಯ ಅಂಚಿನಲ್ಲಿ ನೀರು ಉಬ್ಬಿ ಅಂಗಳಕ್ಕೆ ಹರಿಯಿತು. ಅಂಗಳದ ಇಳಿಜಾರು ಮನೆಯ ಕಡೆಗಿತ್ತು. ನೀರು ವರಾಂಡ ಏರಿತು, ಚಪ್ಪಲಿಗಳನ್ನು ತೇಲಿಸಿತು, ಹೊಸಿಲು ದಾಟಿ ನಡುಮನೆಯ ಜಮಖಾನಕ್ಕೆ ನುಗ್ಗಿತು.

"ಅಯ್ಯೋ ಅಯ್ಯೋ, ಸೋಫಾ! ಏನ್ರೀ ನೋಡ್ತಾ ನಿಂತಿದೀರಾ!" ಒಳಗಿಂದ ಅಮ್ಮಾವ್ರು ಕಿರುಚಿದರು.

ಸಾಹೇಬರು ಪಂಚೆ ಎತ್ತಿಕೊಂಡು ನೀರಲ್ಲಿ ಪಚಪಚ ಓಡಿಬಂದರು. ಹಿಡಿಯಿಲ್ಲದ ವಾಲ್ವನ್ನು ಬರಿಗೈಯಲ್ಲಿ ತಿರುಚಿದರು, ಅದು ಜಗ್ಗಲಿಲ್ಲ. "ಹಿಡಿ ಕೊಡೋ ಸೂಳೆಮಗನೆ! ತಲೆ ಕೆಟ್ಟಿದ್ಯಾ? ಪೂರ್ತಿ ಖಾಲಿಯಾಗ್ತಿದೆ!"

"ಆಗ್ಲಿ ಸಾರ್. ಖಾಲಿ ಆದ್ರೆ ಮಗುಚಲ್ಲ. ನೀವೇ ಹೇಳ್ಕೊಟ್ಟಿದ್ದು."

"ಈಗ್ಲೇ ಬೆಂಕಿ ಕರೆ ಬಂದ್ರೆ ಏನೋ ಮಾಡ್ತಿಯಾ? ಹಾಂ? ಏನ್ ಮಾಡ್ತಿಯಾ?"

ಆಮೆ ಅವರ ಮುಖ ನೋಡಿದ. "ಈ ಮಾತು ಅವತ್ತು ಕೇಳ್ಬೇಕಿತ್ತು ಸಾರ್. ಅರ್ಧ ಇದೆ ಅಂತ ನಾನು ಹೇಳ್ದೆ. ತುಂಬಿಸ್ಕೊಳ್ಳೋಣ ಅಂದೆ. ನೀವು ತಲೆಗೆ ಹೊಡೆದ್ರಿ."

ದನಿ ಏರಲಿಲ್ಲ. ಸಾಹೇಬರು ಅವನ ಕಪಾಳಕ್ಕೆ ಬಿಗಿದರು. ಅವನು ಹಿಡಿಯನ್ನು ಬಿಡಲಿಲ್ಲ.

ಹಿತ್ತಲಿನಿಂದ ಹೆಂಡತಿ ಬಂದು ಗೋಡೆಯ ಮೂಲೆಯಲ್ಲಿ ನಿಂತಿದ್ದಳು. ಮೊಣಕೈವರೆಗೂ ಸೋಪಿನ ನೊರೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏ ಇವಳೇ! ಗೊಂಬೆ ಹಂಗೆ ನಿಂತ್ಯಲ್ಲ, ಬಟ್ಟೆ ತಗೊಂಡು ಒರ್ಸೇ!" ಎಂದರು ಅಮ್ಮಾವ್ರು, ಒರೆಸುವ ಬಟ್ಟೆಯನ್ನು ಅವಳ ಮೇಲೆಸೆದು.

ಅವಳು ಬಟ್ಟೆ ಹಿಡಿದುಕೊಂಡಳು. ಗಂಡನ ಮುಂದೆ ಬಂದು ನಿಂತಳು.

"ಅವತ್ತು ಅರ್ಧ ಇತ್ತಾ?"

"ಹೂಂ."

"ಇನ್ನರ್ಧ ಇಲ್ಲೇ ಬಿಟ್ಟಿದ್ದಾ?"

"ಹೂಂ."

"ಅವತ್ತೂ ಮುಚ್ಚಳ ತೆಗ್ದಿದ್ದು ನಾನೇ," ಎಂದಳು. "ಇಷ್ಟು ದಿನ ಯಾಕೋ ಬಾಯಿ ಬಿಡ್ಲಿಲ್ಲ ಪಾಪಿ?"

"ನಿನ್ನ ಕೆಲ್ಸನೂ ಹೋಗ್ತಿತ್ತು."

"ಥೂ, ನಿನ್ನ ಕೆಲ್ಸಕ್ಕಷ್ಟು ಬೆಂಕಿ ಹಾಕ!"

ಅವಳು ಬಟ್ಟೆಯನ್ನು ನೀರಿಗೆ ಬಿಟ್ಟಳು. ಅದು ತೇಲುತ್ತಾ ಸಾಹೇಬರ ಕಾಲಿಗೆ ಸುತ್ತಿಕೊಂಡಿತು. ಅವಳು ಗೇಟಿಗೆ ಹೋಗಿ ಎರಡೂ ಬಾಗಿಲು ಪೂರ್ತಿ ತೆರೆದು, "ಬನ್ರೇ, ಹಿಡ್ಕೊಳ್ಳಿ" ಎಂದಳು. ಕೊಡದ ಹೆಂಗಸರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ನುಗ್ಗಿದರು. ಸಂಪಿನ ಸುತ್ತ ಕೊಡಗಳ ಸದ್ದಿನಲ್ಲಿ ಸಾಹೇಬರ ಬೈಗುಳ ಯಾರಿಗೂ ಕೇಳಿಸಲಿಲ್ಲ.

ಪೈಪಿನಲ್ಲಿ ಗಾಳಿ ಗೊರಗೊರ ಅಂದಿತು. ಟ್ಯಾಂಕು ಬರಿದಾಗಿತ್ತು. ಆಮೆ ಪೈಪು ಸುತ್ತಿಟ್ಟು, ಹಿಡಿಯನ್ನು ಅದರ ಜಾಗಕ್ಕೆ ಸಿಕ್ಕಿಸಿ, ಗಾಡಿ ಹತ್ತಿದ. ಮುಂದಿನ ಸೀಟಿನಲ್ಲಿ, ಸಾಹೇಬರನ್ನು ಬಿಟ್ಟು ಯಾರೂ ಕೂರದ ಸೀಟಿನಲ್ಲಿ, ಅವನ ಹೆಂಡತಿ ಕೂತಿದ್ದಳು. ಒದ್ದೆ ಸೆರಗನ್ನು ಹಿಂಡುತ್ತಿದ್ದಳು.

"ಎಲ್ಲಿ ಬಿದ್ದದ್ದು, ತೋರ್ಸು."

ಠಾಣೆಯ ಗೇಟಿನ ಮುಂದೆ ನಿಲ್ಲಿಸದೆ ಅವನು ದಾಟಿಕೊಂಡು ಹೋದ. ಸೇತುವೆಯ ತಿರುವಿನಲ್ಲಿ ಎಂದಿನಂತೆ ಗೇರು ಇಳಿಸಿದ. ಖಾಲಿ ಗಾಡಿ ಅಲುಗಾಡದೆ ತಿರುಗಿತು.

"ಇಲ್ಲೇ," ಎಂದ.

"ನಿಲ್ಸು."

ರಸ್ತೆಯ ನಡುವೆ ನಿಲ್ಲಿಸಿದ. ಹಿಂದಿನ ಗಾಡಿಗಳು ಹಾರನ್ ಬಡಿಯತೊಡಗಿದವು. ಅವಳು ಚರಂಡಿಯ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಒಂದಿಷ್ಟು ಕೆಂಪು ಬಣ್ಣ ಕಲ್ಲಿಗೆ ಉಜ್ಜಿಕೊಂಡಿತ್ತು ಅಷ್ಟೇ.

"ಸೈರನ್ ಹಾಕು."

"ಬೆಂಕಿ ಇಲ್ಲದೆ ಹಾಕೋ ಹಂಗಿಲ್ಲ."

"ಹಾಕು ಅಂದೆ!"

ಹಾಕಿದ. ಸೈರನ್ ಎದೆ ಬಿರಿಯುವಂತೆ ಕೂಗಿತು. ಅಂಗಡಿಗಳಿಂದ, ಸೇತುವೆಯ ಕೆಳಗಿನ ಗುಡಿಸಲುಗಳಿಂದ ಜನ ಓಡಿಬಂದರು. ಸುಟ್ಟ ಗೋದಾಮಿನ ಹಮಾಲರೂ ಅವರಲ್ಲಿದ್ದರು. ಎಲ್ಲಿ ಬೆಂಕಿ, ಎಲ್ಲಿ ಬೆಂಕಿ ಎಂದು ಕೈ ಮಾಡಿ ಕೇಳುತ್ತಾ ಗಾಡಿಯನ್ನು ಸುತ್ತುಗಟ್ಟಿದರು.

ಅವಳು ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತಳು. ಗಂಡನ ಕಡೆ ತಿರುಗಿದಳು. ಈಗ ಅವಳ ಮುಖ ಪೂರ್ತಿ ಅವನ ಕಡೆಗಿತ್ತು, ಕಣ್ಣಲ್ಲಿ ನೀರು ಧಾರಾಕಾರ.

"ಹೇಳು ಇವ್ರಿಗೆ."

ಆಮೆ ಸೈರನ್ ನಿಲ್ಲಿಸಿದ. ಸಾಹೇಬರು ಬಿಗಿದ ಕೆನ್ನೆ ಉರಿಯುತ್ತಿತ್ತು. ಉರಿಯುವುದು ಈಗ ಅವನಿಗೆ ತಿಳಿಯುತ್ತಿತ್ತು.

"ಅವತ್ತು ಅರ್ಧ ಟ್ಯಾಂಕು ಇತ್ತು," ಎಂದ.

"ಕೇಳ್ಸಲ್ಲ, ಜೋರಾಗಿ ಹೇಳು," ಎಂದ ಹಿಂದೆ ನಿಂತಿದ್ದ ಒಬ್ಬ ಹಮಾಲ.

ಆಮೆ ಸೀಟಿನಿಂದ ಎದ್ದು ಹೊರಗೆ ಬಂದ.