ಕೊನೆಯ ನಲವತ್ತು ಪುಟ

ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಕನ್ನಡ ಸಂಘದ ವಾಚನಾಲಯ ಇದೆ. ಒಂದು ಕೋಣೆ, ಏಳು ಕಪಾಟು, ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ ಪುಸ್ತಕ. ಅದರ ಬೀಗದ ಕೈ ಮೂವತ್ತೊಂದು ವರ್ಷದಿಂದ ನನ್ನ ಹತ್ತಿರ ಇದೆ. ನಾನು ಬಂದದ್ದು ಕಾವಲಿಗೆ. ಪುಸ್ತಕ ಕೊಡುತ್ತಿದ್ದ ಮಾಸ್ತರರು ತೀರಿಕೊಂಡ ಮೇಲೆ ಆ ಕುರ್ಚಿಗೆ ಬೇರೆ ಯಾರೂ ಸಿಗಲಿಲ್ಲ. ಎರಡು ದಿನ ಕೂಡು ಬಂಡೆಪ್ಪ ಎಂದರು. ಕೂತೆ.

ನಾನು ಕಲಿತದ್ದು ಎರಡನೇ ಇಯತ್ತೆ. ಪುಸ್ತಕದ ಹೆಸರು, ನಂಬರು ಓದುತ್ತೇನೆ. ಒಳಗಿನ ಪುಟ ಅಂದರೆ ಬೆರಳಿಟ್ಟು ಅಕ್ಷರ ಕೂಡಿಸಬೇಕು, ಒಂದು ಪುಟಕ್ಕೆ ಅರ್ಧ ಗಂಟೆ. ಆದರೆ ಕಿವಿಗೆ ಬಿದ್ದದ್ದು ನನಗೆ ಮರೆಯುವುದಿಲ್ಲ. ಅದಕ್ಕೇ ಒಂದು ಪದ್ಧತಿ ಮಾಡಿಕೊಂಡೆ. ಪುಸ್ತಕ ತಿರುಗಿ ಕೊಡಲು ಬಂದವರನ್ನು ಬೆಂಚಿನ ಮೇಲೆ ಕೂಡಿಸಿ, "ಏನೈತ್ರಿ ಇದರೊಳಗ?" ಎನ್ನುತ್ತಿದ್ದೆ. ಹೇಳಿದ ಮೇಲೆಯೇ ಇನ್ನೊಂದು ಪುಸ್ತಕ. ಮಾಸ್ತರಿಕೆ ಮಾಡುತ್ತಾನೆ ಮುದುಕ, ಓದಿದ್ದಾರೋ ಇಲ್ಲವೋ ಪರೀಕ್ಷೆ ಮಾಡುತ್ತಾನೆ ಎಂದು ಜನ ತಿಳಿದಿದ್ದರು. ತಿಳಿಯಲಿ ಎಂದು ಬಿಟ್ಟಿದ್ದೆ.

ಹೀಗೆ ಕೇಳಿ ಕೇಳಿ ಯಾವ ಪುಸ್ತಕ ಯಾರಿಗೆ ಎಂಬುದು ಕೈಗೆ ಹತ್ತಿತು. ಶಂಶಾಬಾದಿನಲ್ಲಿ ವಿಮಾನದ ಸಾಮಾನು ಇಳಿಸುವ ದೀಪಕನಿಗೆ ಖೂನಿಯ ಪತ್ತೆದಾರಿ ಕತೆ. ಕೊಂದವ ಯಾರೆಂದು ಕೊನೆಯ ಪುಟದವರೆಗೆ ಗೊತ್ತಾಗಬಾರದು. ಬೀದರ ಕಡೆಯ ಅರಿವೆ ವ್ಯಾಪಾರಿಗೆ ಕೋಟೆ, ಸುಲ್ತಾನರ ಚರಿತ್ರೆ. ಮನೆಯ ಹೊಸ್ತಿಲು ದಾಟದ ಒಬ್ಬ ಅತ್ತೆಯವರಿಗೆ ಪ್ರವಾಸದ ಪುಸ್ತಕ. ಅವರು ಜಪಾನಿನ ರೈಲಿನ ವೇಳೆಯನ್ನೂ ನನಗೆ ಹೇಳಿಹೋದರು. ಗಂಡ ಬಿಟ್ಟವರಿಗೆ ಹೆರಿಗೆ ಮಾಡಿಸುವ ಒಬ್ಬ ದಾಯಿಯ ಆತ್ಮಕತೆ. ಮಗಳ ಮದುವೆ ಮಾಡಿ ಸುಮ್ಮನೆ ಕೂತವರಿಗೆ ನಾಲ್ಕು ತಲೆಮಾರಿನ ದಪ್ಪ ಕಾದಂಬರಿ. ತಪ್ಪಿದ್ದು ಕಡಿಮೆ.

ಒಂದು ಕಡೆ ಮಾತ್ರ ಕೇಳುತ್ತಿರಲಿಲ್ಲ. ಸಾವಾದ ಮನೆಯಿಂದ ಪುಸ್ತಕ ಬಂದರೆ ಸುಮ್ಮನೆ ತೆಗೆದುಕೊಂಡು, ನೀರು ಕೊಟ್ಟು, ಕಪಾಟಿನಲ್ಲಿ ಇಡುತ್ತಿದ್ದೆ. ಅಂಥವರನ್ನು ಕೂಡಿಸಿ ಕತೆ ಕೇಳುವುದು ಮನುಷ್ಯರ ಕೆಲಸವಲ್ಲ ಎನಿಸುತ್ತಿತ್ತು.

ಹೋದ ವರ್ಷ ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಪೂರ್ವಿ ಎಂಬ ಹುಡುಗಿ ಭಾನುವಾರ ಭಾನುವಾರ ಬರತೊಡಗಿದಳು. ಮೈಸೂರಿನವಳು. ಸಂಘದವರ ವಾಟ್ಸಾಪಿನಲ್ಲಿ ವಾರಕ್ಕೆ ಐದು ಪುಸ್ತಕದ ಬಗ್ಗೆ ನಾಲ್ಕು ನಾಲ್ಕು ಸಾಲು ಹಾಕುತ್ತೇನೆ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದಳು. ನಾನು ಕಪಾಟಿನ ಮುಂದೆ ನಿಂತು ಹೇಳುತ್ತ ಹೋದೆ. ಒಂದು ಭಾನುವಾರ ಆರುನೂರಾ ಹನ್ನೆರಡನೇ ನಂಬರಿನ ಜಾಗ ಖಾಲಿ ಇತ್ತು.

"ಇಲ್ಲಿ ಇದ್ದದ್ದು ಹಳದಿ ರಟ್ಟಿಂದು," ಎಂದೆ. "ಖರೇ ಸಂಗತಿ. ಒಬ್ಬ ಸರ್ವೇದವ, ಊರೂರು ಹೊಲ ಅಳೆದವ. ಎದೀಯೊಳಗಿನ ಶ್ವಾಸಕೋಶ ಕಲ್ಲಾಗೋ ಬ್ಯಾನಿ ಬರತೈತಿ. ದಿನಾ ಎಷ್ಟು ಹೆಜ್ಜಿ ನಡದೆ, ಎಷ್ಟು ಸಲ ನಿಂತೆ, ಎಲ್ಲಾ ಅಳದು ಬರೀತಾನ. ಕಡೀಗೆ ಆರಾಮಾಗಿ ಮನೀಗೆ ಬಂದು ಹಿತ್ತಲದ ಮಲ್ಲಿಗಿಗೆ ನೀರು ಹಾಕತಾನ. ಬ್ಯಾನಿ ಇದ್ದ ಮನೀಗೆ ಇದನ್ನ ಕೊಡಬೇಕು. ಧೈರ್ಯ ಬರತೈತಿ."

ಪೂರ್ವಿ ಬರೆಯುವುದನ್ನು ನಿಲ್ಲಿಸಿದಳು. "ಅಜ್ಜ, ಅದನ್ನ ನಾನು ಓದಿದ್ದೀನಿ. ನಮ್ಮಮ್ಮನ ಹತ್ರ ಇತ್ತು. ಅವರು ವಾಸಿ ಆಗಲ್ಲ. ಕೊನೇ ನಲವತ್ತು ಪುಟ ಅವರ ಹೆಂಡತಿ ಬರೆದಿರೋದು."

"ಮಲ್ಲಿಗಿ?"

"ಮಲ್ಲಿಗೆ ಎಲ್ಲೂ ಇಲ್ಲ ಅಜ್ಜ."

ನಾನು ಬೆಂಚಿನ ಮೇಲೆ ಕೂತೆ. ಎಂಟು ವರ್ಷದ ಹಿಂದಿನ ಮಧ್ಯಾಹ್ನ ಹಾಗೇ ಕಣ್ಣಿಗೆ ಬಂತು. ಆ ಪುಸ್ತಕ ತಿರುಗಿ ತಂದವರು ಸತ್ಯಭಾಮಾ ಬಾಯಿ. ಗಂಡ ಆಸ್ಪತ್ರೆಯಲ್ಲಿದ್ದರು. ಹೊರಗೆ ಆಟೋ ನಿಂತಿತ್ತು, ಊಟದ ಡಬ್ಬಿ ಕೈಯಲ್ಲಿತ್ತು. ಕಪಾಟಿನ ಕಡೆ ಕೈ ತೋರಿಸಿ ಸಣ್ಣದೇನಾದರೂ ಕೊಡಿ ಎಂದರು. "ಕತಿ ಹೇಳದೆ ಹೊಸಾದು ಸಿಗಂಗಿಲ್ರಿ ಬಾಯಾರ," ಎಂದು ನಾನು ನಕ್ಕಿದ್ದೆ. ಆಗ ಅವರು ನಿಂತಲ್ಲೇ ಹೇಳಿದ್ದು: ಆರಾಮಾಗತಾರ, ಮನೀಗೆ ಬರತಾರ, ಮಲ್ಲಿಗಿಗೆ ನೀರು ಹಾಕತಾರ. ನಾಲ್ಕನೇ ದಿನ ಅವರ ಯಜಮಾನರು ಹೋದರು. ನಾನು ಮತ್ತೆ ಕೇಳಲಿಲ್ಲ.

ಆ ಮೇಲೆ ಆ ಪುಸ್ತಕ ಒಂಬತ್ತು ಮನೆಗೆ ಹೋಗಿತ್ತು. ಕೊಡುವಾಗ ಪ್ರತಿಯೊಬ್ಬರಿಗೂ ಮಲ್ಲಿಗೆಯ ಮಾತು ಹೇಳಿದ್ದೆ. ಮೂರು ಮನೆಯವರು ಆಸ್ಪತ್ರೆ ತಿರುಗಾಟದಲ್ಲಿ ಓದಲು ಆಗಲಿಲ್ಲ ಎಂದು ತಂದು ಇಟ್ಟರು. ಆರು ಮನೆಯಲ್ಲಿ ಸಾವಾಯಿತು. ಆ ಆರು ಮನೆಯವರನ್ನು ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಅದು ಹತ್ತನೇ ಮನೆಯಲ್ಲಿತ್ತು. ಮಾಣಿಕಪ್ಪನ ಮನೆಯಲ್ಲಿ.

ಮಾಣಿಕಪ್ಪ ರೈಲ್ವೆಯಲ್ಲಿ ಗಾಡಿಯ ಡಬ್ಬಿ ರಿಪೇರಿ ಮಾಡುತ್ತಿದ್ದವನು. ನನ್ನ ವಾರಿಗೆಯವನು, ನಾನು ಕುರ್ಚಿಯಲ್ಲಿ ಕೂತ ಮೊದಲ ತಿಂಗಳು ಬಂದವನು. ಕಟ್ಟಿದ ಕತೆ ಅವನಿಗೆ ಸೇರುತ್ತಿರಲಿಲ್ಲ. ಸೇತುವೆ ಕಟ್ಟಿದ್ದು, ಕಾಡು ಅಳೆದದ್ದು, ಯುದ್ಧದಲ್ಲಿ ಅಡಿಗೆ ಮಾಡಿದವನ ಡೈರಿ, ಇಂಥವೇ ಬೇಕು. ಒಮ್ಮೆ ಖರೆ ಎಂದು ನಾನು ಕೊಟ್ಟ ಪುಸ್ತಕದಲ್ಲಿ ಇಂಜಿನ್ನಿನ ಗಾಲಿಯ ಲೆಕ್ಕ ತಪ್ಪಿತ್ತು. ಪುಸ್ತಕ ಮೇಜಿನ ಮೇಲೆ ಇಟ್ಟು ಹೋದವನು ಮೂರು ತಿಂಗಳು ಈ ಕಡೆ ಬರಲಿಲ್ಲ. ಎರಡು ವರ್ಷದಿಂದ ಅವನಿಗೂ ಅದೇ ಶ್ವಾಸಕೋಶದ ಬೇನೆ. ಡಾಕ್ಟರು ಏನು ಹೇಳಿದ್ದಾರೆಂದು ಮಗ ಬಸವಕಿರಣ ಅವನಿಗೆ ಹೇಳಿರಲಿಲ್ಲ. ಮಗನಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ. "ಮುಂದ ಏನಾಗತೈತಿ ಅಂತ ನೆಟ್ಟಗ ಹೇಳೋದು ಒಂದು ಪುಸ್ತಕ ಕೊಡು," ಎಂದು ಮಾಣಿಕಪ್ಪ ನನ್ನನ್ನು ಕೇಳಿದ್ದ. ನಾನು ಮಲ್ಲಿಗೆಯ ಮಾತು ಹೇಳಿಯೇ ಆರುನೂರಾ ಹನ್ನೆರಡು ಕಳಿಸಿದ್ದೆ.

ಪೂರ್ವಿಯನ್ನು ಅಲ್ಲೇ ಕೂಡಿಸಿ ಹೊರಟೆ.

ಅವನು ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದ. ಮೂಗಿಗೆ ನಳಿಗೆ. ಮೂಲೆಯಲ್ಲಿ ಗಾಳಿಯ ಮಷೀನು ಗುಂಯ್ಗುಡುತ್ತಿತ್ತು. ಕಣ್ಣಿಗೆ ಪೊರೆ ಬಂದದ್ದರಿಂದ ಸೊಸೆ ಕೃಪಾ ದಿನಾ ಸಂಜೆ ಅವನಿಗೆ ಓದಿ ಹೇಳುತ್ತಿದ್ದಳು.

"ಬಾ," ಎಂದ. "ನಿನ್ನ ಸರ್ವೇದವ ಭಾಳ ಛಲೋ ಮನಷ್ಯಾ ಅದಾನ. ಉಸರನ್ನ ಗಜದಾಗ ಅಳೀತಾನ."

"ಮಾಣಿಕ, ಆ ಪುಸ್ತಕ ಒಬ್ಬರಿಗೆ ಬೇಕಾಗೈತಿ. ಬ್ಯಾರೇದು ತಂದೀನಿ. ಸೈಕಲ್ ಮ್ಯಾಲೆ ಹಿಮಾಲಯಕ್ಕ ಹ್ವಾದವ ಬರದದ್ದು."

"ಹಿಮಾಲಯ ತಗೊಂಡು ಏನು ಮಾಡ್ಲಿ? ಬಚ್ಚಲಕ್ಕ ಹೋಗಿ ಬಂದರ ನನಗ ಹಿಮಾಲಯ ಆಗೇತಿ." ಇಷ್ಟು ಹೇಳಲು ಅವನು ಎರಡು ಸಲ ನಿಂತ. "ನಲವತ್ತು ಪುಟ ಉಳದಾವ. ಮಲ್ಲಿಗೀದು ಕೇಳೇ ಕೊಡತೀನಿ. ಡಾಕ್ಟರಗ ಕೇಳಿದರ ಮಗನ ಮುಖ ನೋಡತಾನ. ಮಗಗ ಕೇಳಿದರ ಗ್ವಾಡಿ ನೋಡತಾನ. ನನಕೂಡ ಖರೇ ಮಾತಾಡಾವ ಈ ಸರ್ವೇದವ ಒಬ್ಬನಾ."

ಚಹಾದ ನೆಪದಲ್ಲಿ ಅಡಿಗೆಮನೆಗೆ ಹೋದೆ. ಕೃಪಾ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು.

"ಎರಡು ದಿನದಿಂದ ಹಿಂದಿನ ಪುಟಾನೇ ಮತ್ತ ಓದಾಕತ್ತೀನ್ರಿ ಕಾಕಾ," ಎಂದಳು, ನಾನು ಕೇಳುವ ಮೊದಲೇ. "ಅವರಿಗೆ ಗೊತ್ತಾಗೇತಿ, ಸುಮ್ಮನದಾರ. ಮುಂದಿನ ಪುಟದ್ದು ಒಂದು ಸಾಲು ನೋಡೀನಿ, ಸಾಕಾತು. ಇದನ್ನ್ಯಾಕ ಕಳಸಿದ್ರಿ ನೀವು?"

ಪುಸ್ತಕ ಹಿಟ್ಟಿನ ಡಬ್ಬಿಯ ಮೇಲೆ ಇತ್ತು. ತೆರೆದು ತೋರಿಸಿದಳು. ನಡುವೆ ಆಸ್ಪತ್ರೆಯ ಒಂದು ಚೀಟಿ ಇತ್ತು, ಸತ್ಯಭಾಮಾ ಬಾಯಿ ಇಟ್ಟದ್ದು. ಪುಸ್ತಕದಲ್ಲಿ ಯಾರಾದರೂ ಬಿಟ್ಟುಹೋದದ್ದನ್ನು ನಾನು ತೆಗೆಯುವುದಿಲ್ಲ. ಅವರಿಗೆ ಮೆಚ್ಚಿಗೆಯಾದ ಪುಟ ಇರಬೇಕು ಎಂದು ಅದನ್ನೂ ಬಿಟ್ಟಿದ್ದೆ. ಚೀಟಿಯವರೆಗಿನ ಪುಟಗಳ ಮೂಲೆಗಳು ಎಲ್ಲರ ಬೆರಳು ತಾಗಿ ಕಪ್ಪಾಗಿದ್ದವು. ಚೀಟಿಯ ಆಚೆ ನಲವತ್ತು ಪುಟ ಬೆಳ್ಳಗೆ, ಒಂದಕ್ಕೊಂದು ಅಂಟಿಕೊಂಡಿದ್ದವು.

"ಆ ಮಲ್ಲಿಗೀದು ನೀವು ಹೇಳ್ರಿ ಕಾಕಾ. ಪುಸ್ತಕ ಹಿಡಕೊಂಡು, ಓದಿದಂಗ ಮಾಡಿ ಹೇಳತೀನಿ. ಅವರಿಗೆ ಕಾಣಂಗಿಲ್ಲ."

ಹೇಳಬಹುದಿತ್ತು. ಒಂಬತ್ತು ಮನೆಗೆ ಹೇಳಿ ಹೇಳಿ ಆ ಮಲ್ಲಿಗೆಯ ಬಳ್ಳಿ, ತಾಮ್ರದ ಚೊಂಬು, ಎಲ್ಲ ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ಗಾಲಿಯ ಲೆಕ್ಕ ತಪ್ಪಿದ್ದಕ್ಕೆ ಮೂರು ತಿಂಗಳು ಬಾರದವನ ನೆನಪಾಯಿತು. ಈಗ ಅವನ ಹತ್ತಿರ ಮೂರು ತಿಂಗಳು ಇರಲಿಲ್ಲ.

ಚಹಾ ಅಲ್ಲೇ ಬಿಟ್ಟು ಹೋಗಿ ಮಂಚದ ಹತ್ತಿರ ಕೂತೆ.

"ಮಾಣಿಕ, ಈ ಪುಸ್ತಕ ನಾ ಓದಿಲ್ಲ."

"ಇದಾ?"

"ಯಾವುದೂ ಓದಿಲ್ಲ. ನೀವೆಲ್ಲಾ ಬೆಂಚಿನ ಮ್ಯಾಲೆ ಕುಂತು ಹೇಳಿದ್ದು ಕೇಳೀನಿ. ಅದನ್ನಾ ಮುಂದಿನವರಿಗೆ ಹೇಳೀನಿ."

ಅವನು ಮೂಗಿನ ನಳಿಗೆ ಸರಿಪಡಿಸಿಕೊಂಡ.

"ಸರ್ವೇದವ?"

"ಉಳಿಯಂಗಿಲ್ಲ. ಕಡೀ ನಲವತ್ತು ಪುಟ ಹೆಂಡ್ತಿ ಬರದಾಳ."

"ಎಷ್ಟು ದಿನಾ ತಗೋತಾನ?"

"ಗೊತ್ತಿಲ್ಲ."

"ಕೃಪಾ," ಎಂದು ಕರೆದ. ಅವಳು ಬಾಗಿಲಲ್ಲೇ ನಿಂತಳು. "ಚೀಟಿ ಇಟ್ಟಲ್ಲಿಂದ ಓದವ್ವ."

"ನನ್ನ ಕೈಲೆ ಆಗಂಗಿಲ್ರಿ ಮಾವಾರ," ಎಂದಳು. ಪುಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟು ಒಳಗೆ ಹೋದಳು.

"ಹಂಗಾದ್ರ ನೀ ಓದು."

"ನನಗ ನೆಟ್ಟಗ ಓದಾಕ ಬರಂಗಿಲ್ಲೋ."

"ಅಕ್ಷರ ಬರತಾವಿಲ್ಲೋ? ಮೂವತ್ತು ವರ್ಷ ನಮಗ ಪರೀಕ್ಷಾ ಮಾಡೀದಿ. ಈಗ ನಿಂದು. ಓದು."

ಓದಿದೆ. ಮೊದಲ ಸಾಲು ಇಷ್ಟೇ ಇತ್ತು: ಇನ್ನು ಅವರ ಕೈಗೆ ಪೆನ್ನು ನಿಲ್ಲುವುದಿಲ್ಲ, ನಾನು ಬರೆಯುತ್ತೇನೆ. ಅದನ್ನು ಕೂಡಿಸಲು ನನಗೆ ಎಷ್ಟು ಹೊತ್ತಾಯಿತೆಂದರೆ ಮಾಣಿಕಪ್ಪ ಕಣ್ಣು ಮುಚ್ಚಿ, "ಗೂಡ್ಸ್ ಗಾಡಿ ಅದೀ ನೀ," ಎಂದ.

ದಿನಾ ಮಧ್ಯಾಹ್ನ ವಾಚನಾಲಯ ಮುಚ್ಚಿ ಹೋಗುತ್ತಿದ್ದೆ. ದಿನಕ್ಕೆ ಎರಡು ಪುಟ. ಒತ್ತಕ್ಷರ ಬಂದಲ್ಲಿ ತಡವರಿಸಿದರೆ ಅವನು ಮುಂದಿನ ಶಬ್ದ ಊಹಿಸಿ ಹೇಳುತ್ತಿದ್ದ. ಆ ಹೆಂಗಸು ಬಣ್ಣ ಹಚ್ಚದೆ ಬರೆದಿದ್ದಳು. ಇವತ್ತು ಅವರು ಅರ್ಧ ಇಡ್ಲಿ ತಿಂದರು, ಉಳಿದ ಅರ್ಧ ನಾನು ತಿಂದೆ. ಇವತ್ತು ಮಲಗಲು ಆಗಲಿಲ್ಲ, ಕೂತೇ ನಿದ್ದೆ ಮಾಡಿದರು. ಇವತ್ತು ನನ್ನನ್ನು ಅವರ ಅಕ್ಕನ ಹೆಸರಿನಿಂದ ಕರೆದರು.

"ಹಾಂ," ಎನ್ನುತ್ತಿದ್ದ ಮಾಣಿಕಪ್ಪ. "ಮಲಗೋದು ಆಗೇತಿ. ಹೆಸರು ಇನ್ನ ಆಗಿಲ್ಲ." ನಿಲ್ದಾಣ ಎಣಿಸಿದ ಹಾಗೆ ಎಣಿಸುತ್ತಿದ್ದ.

ಒಂದು ದಿನ ಬಸವಕಿರಣ ಬೇಗ ಮನೆಗೆ ಬಂದು ಬಾಗಿಲಲ್ಲಿ ನಿಂತು ಕೇಳಿದ. "ಏನು ಓದಾಕತ್ತೀರಿ ಕಾಕಾ ನಮ್ಮಪ್ಪಗ? ನಿಮಗ ಸ್ವಲ್ಪರೆ ತಿಳಿಯಂಗಿಲ್ಲೇನು?"

"ನೀ ಹೇಳಬೇಕಾದ್ದು ಓದಾಕತ್ತಾನ," ಎಂದ ಮಾಣಿಕಪ್ಪ. "ಕುಂದರು. ನೀನೂ ಕೇಳು."

ಬಸವಕಿರಣ ಕೂಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಎರಡನೇ ಭಾನುವಾರ ಪೂರ್ವಿಗೆ ಇದು ಗೊತ್ತಾಯಿತು. "ನಾನು ಬರ್ತೀನಿ ಅಜ್ಜ, ಒಂದೂವರೆ ಗಂಟೇಲಿ ಪೂರ್ತಿ ಓದಿಬಿಡ್ತೀನಿ," ಎಂದಳು. ನಾನು ಬೇಡ ಎಂದೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಅಕ್ಷರ ಒಂದಕ್ಕೊಂದು ಕೂಡಿ ಮಾತಾಗುವುದು, ಅದನ್ನು ನಾನೇ ಮೊದಲು ಕಾಣುವುದು, ಈ ವಯಸ್ಸಿನಲ್ಲಿ ನನಗೆ ರುಚಿ ಹತ್ತಿತ್ತು. ಮಾಣಿಕಪ್ಪನಿಗೆ ಅವಸರವಿತ್ತು. ಅದು ನನಗೆ ಗೊತ್ತಿದ್ದೇ ಬೇಡ ಎಂದೆ.

ಹದಿನೈದನೇ ದಿನ ಅವನಿಗೆ ಉಸಿರು ಬಹಳ ಕಷ್ಟವಾಗಿತ್ತು. ಒಂದೇ ಪುಟ ಸಾಕು ಎಂದು ಸನ್ನೆ ಮಾಡಿದ. ಅದು ಇಪ್ಪತ್ತೊಂಬತ್ತನೆಯದು. ಕೊನೆಯ ಸಾಲಿನಲ್ಲಿ ಆಕೆ ಬರೆದಿದ್ದಳು: ಮಗಳು ನಾಳೆ ಬರುತ್ತಾಳೆಂದು ಅವರ ಕಿವಿಯಲ್ಲಿ ಹೇಳಿದೆ.

"ಬರತಾಳೇನು?" ಎಂದ ಮಾಣಿಕಪ್ಪ.

"ನಾಳೆ ಗೊತ್ತಾಗತೈತಿ," ಎಂದು ಪುಸ್ತಕ ಮುಚ್ಚಿದೆ.

ಮರುದಿನ ಓಣಿಯ ತಿರುವಿಗೇ ಅವನ ಬಾಗಿಲ ಮುಂದೆ ಚಪ್ಪಲಿಗಳು ಕಂಡವು. ಒಳಗೆ ಮಷೀನಿನ ಸದ್ದು ಇರಲಿಲ್ಲ.

ಇಪ್ಪತ್ತು ದಿನದ ಮೇಲೆ ಕೃಪಾ ಪುಸ್ತಕ ತಂದಳು. ನಾನು ಸುಮ್ಮನೆ ತೆಗೆದುಕೊಂಡು ನೀರು ಕೊಟ್ಟೆ. ಅವಳು ಹೋಗಲಿಲ್ಲ. ತಾನಾಗಿಯೇ ಬೆಂಚಿನ ಮೇಲೆ ಕೂತಳು.

"ನೀವು ಕಡೀ ಸಲ ಓದಿ ಹ್ವಾದ ಸಂಜೀಕ ಮಾವಾರು ಎರಡು ಸಲ ಕೇಳಿದರ್ರಿ. ಆ ಮಗಳು ಬರತಾಳೇನು ನೋಡು, ಒಂದಾ ಪುಟ ತಿರುವು ಅಂದರು. ಪುಸ್ತಕ ಅಲ್ಲೇ ಇತ್ತು, ಆ ಒಂದು ಪುಟ ನನ್ನ ಕೈಲೆ ಓದಾಕ ಆಗತಿತ್ತು. ನಾಳೆ ಕಾಕಾ ಬರತಾರ ಅಂದುಬಿಟ್ಟೆ." ಲೋಟ ಕೆಳಗಿಟ್ಟಳು. "ಬಂದಳೇನ್ರಿ ಆಕಿ?"

"ಅಲ್ಲಿತನಕ ನಾ ಓದಿಲ್ಲವ್ವ," ಎಂದೆ.

ಅವಳು ತಲೆಯಾಡಿಸಿ ಎದ್ದು ಹೋದಳು. ಬೇರೆ ಪುಸ್ತಕ ಕೇಳಲಿಲ್ಲ.

ಹೋದ ವಾರ ಶಂಶಾಬಾದಿನಿಂದ ದೀಪಕ ಬಂದಿದ್ದ. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಾನಂತೆ, ಎದೆಯ ಬೇನೆ. ಖೂನಿ ಕತೆ ಈಗ ಬೇಡ, ಬೇನೆಯ ಬಗ್ಗೆ ಏನಾದರೂ ಇದ್ದರೆ ಕೊಡಿ ಎಂದ. ಮೇಜಿನ ಮೇಲಿದ್ದ ಹಳದಿ ರಟ್ಟಿನ ಕಡೆ ಕೈ ಚಾಚಿ, "ಇದು ಹೆಂಗೈತ್ರಿ ಕಾಕಾ? ಕಡೀಗೆ ಏನಾಗತೈತಿ?" ಎಂದು ಕೇಳಿದ.

"ಸಾಯತಾನ," ಎಂದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಸೈಕಲ್ಲಿನ ಮೇಲೆ ಹಿಮಾಲಯಕ್ಕೆ ಹೋದವನ ಪುಸ್ತಕ ಕೊಟ್ಟು ಕಳಿಸಿದೆ. ಅದರ ಕೊನೆಗೆ ಏನಿದೆಯೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ.

ಸತ್ಯಭಾಮಾ ಬಾಯಿ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ, ಹಾಡಿನ ಪುಸ್ತಕ, ಅಡಿಗೆ ಪುಸ್ತಕ ಒಯ್ಯುತ್ತಾರೆ. ನಾನು ಯಾರನ್ನೂ ಬೆಂಚಿನ ಮೇಲೆ ಕೂಡಿಸುವುದಿಲ್ಲ. ಆರುನೂರಾ ಹನ್ನೆರಡನ್ನು ಇನ್ನೂ ಕಪಾಟಿಗೆ ಸೇರಿಸಿಲ್ಲ. ಆಸ್ಪತ್ರೆಯ ಚೀಟಿ ಇದ್ದಲ್ಲೇ ಇದೆ. ಅದರ ಆಚೆ ಇಪ್ಪತ್ತೊಂಬತ್ತು ಪುಟದ ಸಾಲುಗಳ ಕೆಳಗೆ ನನ್ನ ಬೆರಳಿನ ಕರೆ ಹತ್ತಿದೆ. ಉಳಿದ ಹನ್ನೊಂದು ಪುಟ ಬೆಳ್ಳಗಿವೆ.