ಗನ್ ಮೈಕಿನ ಮುಂದೆ ಬಂದು ನಿಂತ ಅವ್ವ

ನಾನು ಒಂದು ಗನ್ ಮೈಕು. ಹೆಸರು ಕೇಳಿ ಹೆದರಬೇಡಿ, ನನ್ನಿಂದ ಇದುವರೆಗೆ ಒಂದು ಗುಬ್ಬಿಯೂ ಸತ್ತಿಲ್ಲ. ನನಗೆ ಕಣ್ಣಿಲ್ಲ. ನೋಡಿದವರು ಹೇಳುವ ಪ್ರಕಾರ ನಾನೊಂದು ಗೇಣುದ್ದದ ಕಪ್ಪು ಕೊಳವೆ, ಮೈತುಂಬ ಸೀಳುಗಳು. ಒಳಗೆ ಉಸಿರು ತಾಕಿದರೂ ಅದಿರುವ ತೆಳ್ಳನೆಯ ಪೊರೆಯೊಂದಿದೆ. ಅದೇ ನನ್ನ ಜೀವ.

ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಪರೀಕ್ಷೆಗೆಂದು ಯಾರೋ ಒಮ್ಮೆ ಚಪ್ಪಾಳೆ ತಟ್ಟಿದರು. ಅಬ್ಬಾ, ಕೇಳಿಸಿತಲ್ಲ ಎಂದು ಹಿಗ್ಗುವಷ್ಟರಲ್ಲಿ ಪೆಟ್ಟಿಗೆಯ ಸ್ಪಂಜಿನ ಗುಳಿಯೊಳಗೆ ಒತ್ತಿ ಮುಚ್ಚಳ ಹಾಕಿಬಿಟ್ಟರು. ಕೇಳುವುದಕ್ಕೆಂದೇ ಹುಟ್ಟಿದವನನ್ನು ಏನೂ ಕೇಳಿಸದ ಕಡೆ ಕೂಡಿಹಾಕುವುದು ಯಾವ ನ್ಯಾಯವೋ ಕಾಣೆ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಮೊದಲು ಒಯ್ದವರು ಪೋಸ್ಟ್ ಆಫೀಸಿನಿಂದ ನಿವೃತ್ತರಾದ ದೇಸಾಯರು. ಅವರಿಗೆ ಹಕ್ಕಿಗಳ ಹುಚ್ಚು. ಗನ್ ಎಂದಮೇಲೆ ಗುರಿಯಿಟ್ಟರೆ ಮುಗಿಯಿತು, ಕೆರೆಯ ಆಚೆ ದಂಡೆಯ ಕೊಕ್ಕರೆಯ ಕೂಗೂ ಬಂದು ಒಳಗೆ ಬೀಳುತ್ತದೆ ಎಂದುಕೊಂಡಿದ್ದರು. ಬಿದ್ದದ್ದು ಗಾಳಿಯ ಬುಸುಬುಸು, ಜೊತೆಗೆ ದೇಸಾಯರದೇ ಕೆಮ್ಮು. ಅಯ್ಯಾ ಪುಣ್ಯಾತ್ಮಾ, ದೂರದ್ದನ್ನು ಎಳೆದು ತರಲು ನಾನೇನು ಗಾಳವೇ? ಅಕ್ಕಪಕ್ಕದ ಗದ್ದಲವನ್ನು ಈ ಸೀಳುಗಳಲ್ಲಿ ತಗ್ಗಿಸಿ ಎದುರಿನ ಮಾತಿಗೆ ಜಾಗ ಮಾಡಿಕೊಡುತ್ತೇನೆ, ಅಷ್ಟೇ. ಅದೂ ಮಾತಾಡುವವರು ಹತ್ತಿರ ಇದ್ದರೆ. ಆದರೆ ಹೇಳುವುದು ಹೇಗೆ? ನನಗಿರುವುದು ಬರೀ ಕಿವಿ, ಬಾಯಿಲ್ಲ. ದೇಸಾಯರು ಬೈದುಕೊಂಡು ನನ್ನನ್ನು ಅಂಗಡಿಗೇ ಮರಳಿ ಮಾರಿ ಹೋದರು. ಮತ್ತೆ ಅದೇ ಸ್ಪಂಜು, ಅದೇ ಮುಚ್ಚಳ.

ಮುಂದಿನ ಸಲ ಮುಚ್ಚಳ ತೆರೆದಾಗ ಕೇಳಿಸಿದ್ದು ಲಲಿತಾಳ ಧ್ವನಿ. ಅವಳು ಮದುವೆಗಳ ವಿಡಿಯೊ ತೆಗೆಯುವವಳು. ಅಂಗಡಿಯ ರಿಯಾಜನ ಮುಂದೆ ಗಡಿಬಿಡಿಯಲ್ಲಿ ಮಾತಾಡುತ್ತಿದ್ದಳು.

"ಕಾಲರ್ ಮೈಕ್ ಒಯ್ರಿ ಅಕ್ಕಾರ, ಅಗ್ಗ ಆಗತೈತಿ," ಅಂದ ರಿಯಾಜ್.

"ಬ್ಯಾಡ. ನಮ್ಮವ್ವ ರಾಣಿ ವೇಷ ಹಾಕೋತಾಳ. ಸರದ ನಡುವ ಆ ಗುಂಡಿ ಕಂಡ್ರ ಚೆಂದಿಲ್ಲ. ದೂರಿಂದ ಎಳಿಯೂವಂಥಾದ್ದು ಕೊಡ್ರಿ."

"ಹಂಗಾರ ಈ ಸಣ್ಣ ಗನ್ ಮೈಕ್ ನೋಡ್ರಿ. ನಿಮ್ಮ ರೊಕ್ಕದಾಗ ಉದ್ದನ್ನ ವೈರು, ಸ್ಟ್ಯಾಂಡು ಎಲ್ಲಾ ಬರತೈತಿ. ಮಾತಾಡೋರ ಬಾಜೂಕ ಇಡಬೋದು."

"ಅದರ ಬಾಜೂಕ ಇರೂ ಈ ಉದ್ದಂದು?"

"ಅದು ಸೆಕೆಂಡ್ ಹ್ಯಾಂಡ್ ಐತ್ರಿ. ಅದನ್ನ ತೊಗೊಂಡ್ರ ವೈರು, ಸ್ಟ್ಯಾಂಡು ಬರೂದಿಲ್ಲ."

"ಉದ್ದ ಇದ್ದಷ್ಟೂ ದೂರಿಂದ ಎಳೀತೈತಿ ಅಲ್ಲ? ಇದನ್ನ ಕೊಡ್ರಿ."

ರಿಯಾಜ್ ಅವಳ ತಪ್ಪು ತಿದ್ದಲು ಹೋಗದೆ ರೊಕ್ಕ ಎಣಿಸಿಕೊಂಡ. ವ್ಯಾಪಾರದ ಮನುಷ್ಯ. ನನ್ನನ್ನು ಚೀಲಕ್ಕೆ ಹಾಕುತ್ತ ಇಷ್ಟು ಅವಸರ ಯಾಕೆ ಎಂದು ಕೇಳಿದ. ಆಗ ಲಲಿತಾಳ ಧ್ವನಿ ಇಳಿಯಿತು. ಅವಳ ಅವ್ವ ಚಂದ್ರಾಬಾಯಿ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಲೇ ಕೂದಲು ಹಣ್ಣಾದವಳು. ಈಗ ಗಂಟಲೊಳಗೆ ಗಂಟು. ನಾಡಿದ್ದು ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. "ಆಮ್ಯಾಲೆ ಮಾತ ಬರೂದಿಲ್ಲ. ನಾಳೆ ಒಂದ ದಿನ ಐತಿ ನಮಗ," ಅಂದಳು ಲಲಿತಾ. ಅಯ್ಯೋ, ಇವಳೂ ದೇಸಾಯರ ಹಾಗೇ ನಂಬಿಕೊಂಡಿದ್ದಾಳಲ್ಲಪ್ಪಾ!

ಮರುದಿನ ಪರಿಚಯದವರ ಕಲ್ಯಾಣ ಮಂಟಪ ಖಾಲಿಯಿತ್ತು. ಲಲಿತಾ ನನ್ನನ್ನು ಕ್ಯಾಮೆರಾದ ನೆತ್ತಿಗೆ ಸ್ಕ್ರೂ ಬಿಗಿದು ಕೂರಿಸಿದಳು. ಅವ್ವ ಕಿರೀಟದಿಂದ ಕಾಲಿನವರೆಗೂ ಕಾಣಬೇಕೆಂದು ಕ್ಯಾಮೆರಾವನ್ನು ಬಾಗಿಲ ಹತ್ತಿರಕ್ಕೆ ಒಯ್ದು ನಿಲ್ಲಿಸಿದಳು. ಅವ್ವ ಅಲ್ಲೆಲ್ಲೋ ವೇದಿಕೆಯ ಮೇಲೆ, ನಾನು ಇಲ್ಲಿ.

"ಸೇನಾಪತಿ! ಕೋಟೆಯ ಬಾಗಿಲು ಮುಚ್ಚಿದೊಡನೆ ಈ ರಾಣಿಯ ಬಾಯಿಯೂ ಮುಚ್ಚಿತೆಂದುಕೊಂಡೆಯಾ?"

ಆಹಾ, ಎಂಥ ಮಾತು ಹೊರಟಿತು! ಆದರೆ ನನ್ನ ಬಳಿ ಬರುವ ಮೊದಲೇ ಟೈಲ್ಸಿಗೆ ಬಡಿದು, ಗೋಡೆಗೆ ಬಡಿದು, ಹಿಂದಿನಿಂದಲೂ ಮುಂದಿನಿಂದಲೂ ಒಟ್ಟಿಗೇ ನುಗ್ಗಿ ಕಲಸುಮೇಲೋಗರವಾಯಿತು. ಹತ್ತಿರ ಒಯ್ಯೇ ನನ್ನನ್ನು, ಹತ್ತಿರ ಒಯ್ಯೇ ಎಂದು ಒಳಗೊಳಗೇ ಚೀರಿದೆ. ಲಲಿತಾಳ ಹೆಡ್‌ಫೋನು ಕೆಟ್ಟು ಮನೆಯಲ್ಲೇ ಉಳಿದಿತ್ತು. ಅವಳು ನೋಡುತ್ತಿದ್ದದ್ದು ಪರದೆಯ ಮೇಲೆ ಏರಿಳಿಯುವ ಗೆರೆಗಳನ್ನು ಮಾತ್ರ.

"ಗೆರಿ ಏರಾಕತ್ತಾವ ಅವ್ವಾ, ಬರೋಬ್ಬರಿ ಐತಿ. ಇನ್ನೊಮ್ಮೆ ಹೇಳು."

ನಾಟಕ ಕಂಪನಿಗಳಲ್ಲಿ ಒಂದು ಪದ್ಧತಿಯುಂಟು. ರಂಗದ ಮೇಲೆ ಮೈಕು ತೂಗುಬಿಟ್ಟಿರುತ್ತಾರೆ. ರಾಜನಾಗಲಿ ಭಿಕ್ಷುಕನಾಗಲಿ ಅದರ ಕೆಳಗೆ ಬಂದು ನಿಂತೇ ಮಾತಾಡಬೇಕು. ಬಾಣ ತಾಕಿ ಸಾಯುವವನೂ ಅಲ್ಲಿಯವರೆಗೆ ತೆವಳಿ ಬಂದೇ ಸಾಯಬೇಕು. ಚಂದ್ರಾಬಾಯಿಯ ಕಾಲಿಗೆ ಅದೇ ರೂಢಿ. ಮಾತು ಶುರುವಾದದ್ದೇ ತಡ, ಗೆಜ್ಜೆ ಘಲ್ ಘಲ್ ಎನ್ನುತ್ತ ನನ್ನ ಕಡೆ ಹೊರಡುತ್ತಿತ್ತು. ಬಾರವ್ವಾ, ಬಾ ತಾಯೀ ಎಂದು ನಾನು ಹಂಬಲಿಸುವಷ್ಟರಲ್ಲಿ ಲಲಿತಾ ಕೂಗುತ್ತಿದ್ದಳು.

"ಅವ್ವಾ, ಅಲ್ಲೇ ನಿಂದ್ರ! ಫ್ರೇಮ್ ಬಿಟ್ಟ ಬರಾಕತ್ತಿ!"

ಗೆಜ್ಜೆ ನಿಲ್ಲುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಬೆಳಗಿನಿಂದ ಇದೇ ಆಯಿತು. ಕೊನೆಕೊನೆಗೆ ರಾಣಿಯ ಧ್ವನಿ ಒಡೆದು ಸೀಳಿಹೋಯಿತು. ಸಾಕು ಎಂದ ಲಲಿತಾ ದೀಪಗಳ ವೈರು ಸುತ್ತಲು ಆಚೆ ಹೋದಳು. ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದಳು.

ಆಗ ಗೆಜ್ಜೆ ಬಂತು. ಈ ಸಲ ತಡೆಯುವವರಿರಲಿಲ್ಲ. ನನ್ನ ಮುಂದೆಯೇ ಏದುಸಿರು ಕೇಳಿಸಿತು, ಅವ್ವ ಉಗುರಿನಿಂದ ನನ್ನನ್ನು ಟಕ್ ಟಕ್ ಎಂದು ಬಡಿದಳು.

"ಹಲೋ, ಹಲೋ... ಲಲ್ಲೀ, ಎಲ್ಲಾ ಬಂತೇನವಾ ಇದರಾಗ? ಬರಲಿಲ್ಲಂದ್ರ ಬಿಡು. ಮುಂಜಾನಿಂದ ಖಾಲಿ ಹೊಟ್ಟೀಲೆ ಅಡ್ಡಾಡಾಕತ್ತಿ. ಬಾ, ಮೊದ್ಲ ಉಣ್ಣು ಬಾ."

"ಅಯ್ಯ, ಮೈಕಿನ ಮುಂದ ಬರಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ಅವ್ವಾ!" ಲಲಿತಾ ಓಡಿಬಂದು ಕ್ಯಾಮೆರಾ ಆರಿಸಿದಳು.

ಆಪರೇಷನ್ ಮುಗಿದು ಅವ್ವ ಮನೆಗೆ ಬಂದಮೇಲೆ ಲಲಿತಾ ಕೂತು ಎಲ್ಲವನ್ನೂ ಕೇಳಿದಳು. ರಾಣಿ ಬಾವಿಯೊಳಗಿಂದ ಕೂಗಿದಂತಿತ್ತು, ಒಂದಕ್ಷರ ತಿಳಿಯುತ್ತಿರಲಿಲ್ಲ. ಲಲಿತಾ ಅತ್ತಳು. ದರಿದ್ರದ್ದು ಎಂದು ನನ್ನನ್ನು ಮೇಜಿನ ಮೇಲೆ ಕುಕ್ಕಿದಳು. ತಪ್ಪು ನನ್ನದಲ್ಲ, ಆದರೂ ಆ ಅಳು ಕೇಳಿ ನನಗೆ ಸಿಟ್ಟು ಬರಲಿಲ್ಲ. ಕಡೆಯ ತುಣುಕು ಬಂದಾಗ ಅವಳ ಅಳು ಗಕ್ಕನೆ ನಿಂತಿತು. "ಬರೇ ಸೀರಿ ನೆರಿಗಿ ಕಾಣತೈತಿ, ಅವ್ವಾ," ಅಂದಳು. "ಆದ್ರ ಧ್ವನಿ... ನಿನ್ನ ಧ್ವನಿ ನೋಡ ಇಲ್ಲೆ." ಮತ್ತೆ ಹಾಕಿದಳು. ಮತ್ತೆ ಹಾಕಿದಳು.

ಈಗ ನಾನು ಕಪಾಟಿನ ಕೆಳಗಿನ ಖಾನೆಯಲ್ಲಿದ್ದೇನೆ. ಸ್ವಿಚ್ಚು ಮುರಿದಿದೆ, ಸೆಲ್ಲು ತೆಗೆದಿದ್ದಾರೆ, ಮೇಲೆ ಹಳೆಯ ಮದುವೆ ಆಲ್ಬಮ್ಮುಗಳ ಭಾರ. ಇಲ್ಲಿಂದ ಹೊರಗೆ ಬರುವ ಆಸೆಯನ್ನು ಬಿಟ್ಟಿದ್ದೇನೆ. ಹೊರಗಿದ್ದಾಗಲಾದರೂ ಏನು ಸುಖಪಟ್ಟೆ? ಬಾಳೆಲ್ಲ ಒಂದೇ ಬಯಕೆ, ಯಾರಾದರೂ ಹತ್ತಿರ ಬಂದು ಮಾತಾಡಲಿ ಎಂದು. ಒಬ್ಬಳು ಬಂದಳು, ಅದೂ ಬೇಡವೆಂದರೂ ಕೇಳದೆ ಬಂದಳು.

ಮಧ್ಯಾಹ್ನವಾದರೆ ಅಡುಗೆಮನೆಯಲ್ಲಿ ತಾಟು ಇಟ್ಟ ಸದ್ದಾಗುತ್ತದೆ. ಲಲಿತಾ ಕಂಪ್ಯೂಟರಿನ ಮುಂದೆ ಯಾರದೋ ಮದುವೆಯ ವಿಡಿಯೊ ಕತ್ತರಿಸಿ ಜೋಡಿಸುತ್ತ ಕೂತಿರುತ್ತಾಳೆ. ಚಂದ್ರಾಬಾಯಿ, ಮಗಳು ಆ ಕಡೆಯ ತುಣುಕನ್ನು ತುಂಬಿಕೊಟ್ಟ ಮೊಬೈಲಿನ ಗುಂಡಿ ಒತ್ತುತ್ತಾಳೆ.

"ಬಾ, ಮೊದ್ಲ ಉಣ್ಣು ಬಾ."

ಲಲಿತಾ ತಡಮಾಡಿದರೆ ಇನ್ನೊಮ್ಮೆ ಒತ್ತುತ್ತಾಳೆ, ಆಮೇಲೆ ಮತ್ತೊಮ್ಮೆ. ಸೆಲ್ಲಿಲ್ಲದ ನನ್ನ ಪೊರೆಯೂ ಕತ್ತಲಲ್ಲಿ ಒಂದಿಷ್ಟು ಅದಿರುತ್ತದೆ.

"ಬಂದೆ ಅವ್ವಾ, ಬಂದೆ," ಎನ್ನುತ್ತ ಲಲಿತಾ ಊಟಕ್ಕೆ ಏಳುತ್ತಾಳೆ.