ನಿಧಾನದ ಚಿನ್ನ

ಗಂಗಾಧರ ತನ್ನ ಜೀವಮಾನದಲ್ಲಿ ಪದಕ ತಂದದ್ದು ಒಂದೇ ಓಟದಲ್ಲಿ, ಅದೂ ಕಂಚು. ಆದರೆ ಅದನ್ನು ಹೇಳುವಾಗ ಅವನ ಗತ್ತು ನೋಡಬೇಕು. ಪಿಯುಸಿಯಲ್ಲಿದ್ದಾಗ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಕ್ರೀಡಾಕೂಟ, ಸಾವಿರದೈನೂರು ಮೀಟರ್, ಎದುರುಗಾಳಿ. ಮುಂದೆ ಹೋಗಿ ಗಾಳಿಗೆ ಎದೆಕೊಡಲು ಯಾರೂ ತಯಾರಿಲ್ಲದೆ ಹುಡುಗರೆಲ್ಲ ಮದುವೆ ದಿಬ್ಬಣದ ಹಾಗೆ ಗುಂಪುಗುಂಪಾಗಿ ಓಡಿದರು. ಕೊನೆಯ ಸುತ್ತಿನಲ್ಲಿ ಈ ಮಹಾನುಭಾವ ಸಂದಿಯಲ್ಲಿ ನುಗ್ಗಿ ಮೂರನೆಯವನಾದ. ಆ ಕಂಚಿನಿಂದ ಕ್ರೀಡಾ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು, ಸೀಟಿನಿಂದ ಕೆಲಸ, ಕೆಲಸದಿಂದ ಸ್ವೀಡನ್. ಹದಿನೇಳು ವರ್ಷದಿಂದ ಗೋಥೆನ್‌ಬರ್ಗಿನಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರೂ ಅವನ ತಲೆಯೊಳಗೆ ಆ ಓಟ ಇನ್ನೂ ಮುಗಿದಿರಲಿಲ್ಲ.

"ಸರ್ಟಿಫಿಕೇಟಲ್ಲಿ ಪ್ಲೇಸ್ ಬರೀತಾರೆ, ಟೈಮ್ ಯಾರೂ ಬರೆಯಲ್ಲ," ಎನ್ನುವುದು ಅವನ ಮಂತ್ರ. ಆ ಮಂತ್ರವನ್ನು ಮಗಳು ನೀರಜಾಳ ಕಿವಿಯಲ್ಲಿ ಊದಿ ಊದಿ ಅವಳನ್ನು ಓಟಗಾರ್ತಿ ಮಾಡಿದ್ದ. ವಾರಾಂತ್ಯದಲ್ಲಿ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ, ಹಿಂದೆ ಉಳಿದು ಕೊನೆಯಲ್ಲಿ ಹಾರುವುದನ್ನು ಅರೆದು ಕುಡಿಸಿದ್ದ. ಹುಡುಗಿ ಕಲಿತಳು. ಆದರೆ ಅವಳಿಗೆ ಇಷ್ಟವಾದದ್ದೇ ಬೇರೆ. ಗುಂಡು ಹಾರಿದ ಕೂಡಲೇ ಮುಂದೆ ಹೋಗಿ, ಹಿಡಿದ ವೇಗವನ್ನು ಬಿಡದೆ, ತನ್ನ ಉಸಿರಿನ ಜೊತೆ ತಾನೊಬ್ಬಳೇ ಓಡುವುದು ಅವಳ ಸುಖ. ಲುಂಡ್‌ನ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅಪ್ಪನ ಕಣ್ತಪ್ಪಿಸಿ ಹಾಗೆಯೇ ಓಡುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತಮೂರು. ಗೋಥೆನ್‌ಬರ್ಗಿನಲ್ಲಿ ಬಿರ್ಗಿಟ್ಟಾ ಎಂಬ ಕೋಚ್ ನಡೆಸುವ ಒಂದು ತರಬೇತಿ ತಂಡವಿತ್ತು. ಅದರೊಳಗೆ ಕಾಲಿಟ್ಟರೆ ಮುಂದೆ ದೇಶದ ತಂಡಕ್ಕೂ ದಾರಿ. ಸೇರಲು ಒಂದೇ ಷರತ್ತು: ಇಪ್ಪತ್ತಮೂರು ದಾಟುವುದರೊಳಗೆ, ಯಾವುದಾದರೂ ಸ್ಪರ್ಧೆಯಲ್ಲಿ ಮೂರು ಸಾವಿರ ಮೀಟರನ್ನು ಹತ್ತು ನಿಮಿಷದೊಳಗೆ ಓಡಿ ತೋರಿಸಬೇಕು. ಅಭ್ಯಾಸದಲ್ಲಿ ನೀರಜಾ ಓಡಿದ್ದಳು. ಆದರೆ ಚಳಿಗಾಲವಿಡೀ ಮೊಣಕಾಲ ಕೆಳಗಿನ ಮೂಳೆ ನೋವಿನಿಂದ ಸ್ಪರ್ಧೆಗಳೆಲ್ಲ ಕೈತಪ್ಪಿ, ಉಳಿದದ್ದು ಮಾರ್ಚಿನ ವಿಶ್ವವಿದ್ಯಾಲಯಗಳ ಒಳಾಂಗಣ ಚಾಂಪಿಯನ್‌ಶಿಪ್ ಒಂದೇ. ಮರುವಾರವೇ ಅವಳಿಗೆ ಇಪ್ಪತ್ತನಾಲ್ಕು ತುಂಬುತ್ತಿದ್ದುದರಿಂದ, ಅದು ಮುಗಿದರೆ ಅವಳ ಮಟ್ಟಿಗೆ ಬಾಗಿಲು ಮುಚ್ಚಿತು.

ಹಿಂದಿನ ದಿನ ಊಟದ ಮೇಜಿನಲ್ಲಿ ಅವಳು ಮೆಲ್ಲಗೆ ವಿಷಯ ತೆಗೆದಳು. "ಅಪ್ಪಾ, ನಾಳೆ ನಾನು ಸ್ಟಾರ್ಟಿಂದಾನೇ ಫಾಸ್ಟ್ ಹೋಗ್ತೀನಿ. ಟೈಮ್ ಬಂದ್ರೆ ಲಾಸ್ಟ್ ಆದ್ರೂ ಬಿರ್ಗಿಟ್ಟಾ ತಗೋತಾರೆ."

"ಲಾಸ್ಟ್ ಬಂದವಳನ್ನ ಯಾರಮ್ಮ ತಗೋತಾರೆ?" ಗಂಗಾಧರನಿಗೆ ನಗು ಬಂತು. "ಅದೆಲ್ಲ ಬಾಯಿಮಾತು. ಚಾಂಪಿಯನ್‌ಶಿಪ್ಪಲ್ಲಿ ಮುಂದೆ ಹೋಗೋಳು ಪೆದ್ದಿ. ನಿನ್ನ ಬೆನ್ನ ಹಿಂದೆ ಆರಾಮಾಗಿ ಬಂದು ಕೊನೇಲಿ ನುಂಗಿ ಹಾಕ್ತಾರೆ. ನೀನು ಗೋಲ್ಡ್ ತಗೊಂಡು ಬಾ, ಆಮೇಲೆ ಅವರ ಹತ್ರ ನಾನು ಮಾತಾಡ್ತೀನಿ. ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲ್ಲ."

"ಇಲ್ಲಿ ಹಂಗಿಲ್ಲಪ್ಪ."

"ಎಲ್ಲಾ ಕಡೆ ಹಂಗೇನೇ."

"ನಾಳೆ ಓಡೋಳು ಅವಳು ರೀ," ಎಂದಳು ಹೆಂಡತಿ ನಳಿನಿ. "ಒಂದು ತುತ್ತು ಊಟ ಮಾಡೋಕೆ ಬಿಡಿ." ಗಂಗಾಧರ ಸಾರು ಬಡಿಸಿಕೊಂಡ.

ಮಾರನೆಯ ದಿನ ಅವನು ತಿರುವಿನ ಕಟಕಟೆಗೆ ಅಂಟಿಕೊಂಡು ನಿಂತ. ಮಗಳು ಓಡುವುದನ್ನು ನೋಡಿದರೆ ನಳಿನಿಗೆ ಎದೆ ಡವಡವ ಎನ್ನುವುದರಿಂದ ಅವಳು ಮನೆಯಲ್ಲೇ ಉಳಿದಿದ್ದಳು. ಒಳಾಂಗಣದ ಟ್ರ್ಯಾಕ್ ಚಿಕ್ಕದು, ಇನ್ನೂರು ಮೀಟರಿನದು. ಹದಿನೈದು ಸುತ್ತು. ಓಡುವವರು ಪ್ರತಿ ಸುತ್ತಿನಲ್ಲೂ ಅವನ ಮುಂದೆ ಒಂದು ಮಾರು ದೂರದಲ್ಲಿ ಹಾದು ಹೋಗುತ್ತಿದ್ದರು. ಗುಂಡು ಹಾರಿತು. ಒಬ್ಬರ ಮುಖ ಒಬ್ಬರು ನೋಡುತ್ತ ಹುಡುಗಿಯರೆಲ್ಲ ಹಿಂಜರಿದರು. ಎರಡನೆಯ ಸುತ್ತು ಮುಗಿಯುವುದರೊಳಗೆ ನೀರಜಾ ಗುಂಪಿನಿಂದ ಹೊರಬಂದು ಮುಂದೆ ಹೋದಳು. ಯಾರೂ ಬೆನ್ನಟ್ಟಲಿಲ್ಲ.

ಎಂಥ ಓಟ ಅದು! ಭುಜ ಅಲುಗುತ್ತಿರಲಿಲ್ಲ, ಮುಖದಲ್ಲಿ ಬಿಗಿಯಿರಲಿಲ್ಲ. ಮೂರನೆಯ ಸುತ್ತು, ನಾಲ್ಕನೆಯ ಸುತ್ತು, ಗೋಡೆಯ ದೊಡ್ಡ ಗಡಿಯಾರ ಅವಳು ಬಯಸಿದ ಲೆಕ್ಕದಲ್ಲೇ ಓಡುತ್ತಿತ್ತು. ಜನ ಎದ್ದು ನಿಂತು "ಹೇಯಾ! ಹೇಯಾ!" ಎಂದು ಹುರಿದುಂಬಿಸಿದರು. ಗಂಗಾಧರನ ಕಣ್ಣಿಗೆ ಮಾತ್ರ ಇದೊಂದೂ ಕಾಣಲಿಲ್ಲ. ಕಂಡದ್ದು ಅವಳ ಹಿಂದೆ ಹಾಯಾಗಿ ಬರುತ್ತಿದ್ದ ಗುಂಪು. ಕೂಡಿಟ್ಟ ಕಸುವಿನಿಂದ ಅವರೆಲ್ಲ ಕೊನೆಯಲ್ಲಿ ಮಗಳ ಮೇಲೆ ಬೀಳುತ್ತಾರೆ, ಅವಳು ಬರಿಗೈಯಲ್ಲಿ ಅಳುತ್ತ ಬರುತ್ತಾಳೆ ಎಂದು ಅವನಿಗೆ ಖಾತ್ರಿಯಾಯಿತು.

"ನೀರೂ, ತಡೀ!" ಎಂದು ಕೂಗಿದ.

ಅವಳು ತಿರುಗಲಿಲ್ಲ. ಮುಂದಿನ ಸುತ್ತಿನಲ್ಲಿ ಕಟಕಟೆಯಿಂದ ಅರ್ಧ ಮೈ ಹೊರಚಾಚಿ, ಗಂಟಲು ಹರಿಯುವಂತೆ ಕಿರುಚಿದ. "ಸಾಯ್ತೀಯಾ ಕಣೇ! ಹಿಂದೆ ಬಾ!" ಈ ಸಲ ಅವಳ ಭುಜ ಒಮ್ಮೆ ಬಿಗಿಯಿತು. ಅದರ ಮುಂದಿನ ಸುತ್ತಿನಲ್ಲಿ ಅವನು ಮತ್ತೆ ಬಾಯಿ ತೆರೆಯುವ ಮೊದಲೇ ಅವಳು ಅವನತ್ತ ನೋಡಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟಲೇ ಎಂದು ಕೇಳುವಾಗ ನೋಡುತ್ತಿದ್ದಳಲ್ಲ, ಅದೇ ನೋಟ. ಅವನು ಎರಡೂ ಕೈಯನ್ನು ಕೆಳಕ್ಕೆ ಒತ್ತಿ ನಿಧಾನ, ನಿಧಾನ ಎಂದು ತೋರಿಸಿದ.

ಅವಳು ನಿಧಾನವಾದಳು. ಗುಂಪು ಬಂದು ಅವಳನ್ನು ಒಳಗೆ ತೆಗೆದುಕೊಂಡಿತು. ಮುಂದೆ ಹೋಗುವ ದರ್ದು ಯಾರಿಗೂ ಇರಲಿಲ್ಲವಾಗಿ ಎಲ್ಲರೂ ಸೇರಿ ಮತ್ತೆ ಅದೇ ದಿಬ್ಬಣ. ಚಪ್ಪಾಳೆ ನಿಂತಿತು, ಜನ ಕೂತರು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ನೀರಜಾ ಸಂದಿಯಲ್ಲಿ ನುಗ್ಗಿ, ಅಪ್ಪ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿ, ಮೊದಲಿಗಳಾಗಿ ಗೆರೆ ದಾಟಿದಳು.

ಗಂಗಾಧರ ಕುಣಿದ. ಪಕ್ಕದಲ್ಲಿದ್ದ ಅಪರಿಚಿತ ಸ್ವೀಡನ್ನಿನವನನ್ನು ತಬ್ಬಿಕೊಂಡ, ಪಾಪ ಆತ ಕಂಬದ ಹಾಗೆ ನಿಂತುಬಿಟ್ಟ. ನಳಿನಿಗೆ ಫೋನ್ ಮಾಡಿ "ಗೋಲ್ಡ್ ಕಣೇ!" ಎಂದು ಅತ್ತೇಬಿಟ್ಟ. ಗಡಿಯಾರ ಹತ್ತು ನಿಮಿಷ ಇಪ್ಪತ್ತಾರು ಸೆಕೆಂಡಿನಲ್ಲಿ ನಿಂತಿತ್ತು. ಅದರತ್ತ ಅವನು ಸರಿಯಾಗಿ ನೋಡಲೂ ಇಲ್ಲ.

ಪದಕ ಕೊಟ್ಟಾದ ಮೇಲೆ ನೀರಜಾ ಅದನ್ನು ಕೊರಳಿಂದ ತೆಗೆದು ಅಪ್ಪನ ಕೈಗಿಟ್ಟು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಶೂ ಬಿಚ್ಚುತ್ತ ಕೂತಳು. ಅವನು ಪದಕ ಹಿಡಿದುಕೊಂಡು ನೇರ ಬಿರ್ಗಿಟ್ಟಾ ಬಳಿಗೆ ನಡೆದ. ಆಕೆ ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ಕೈಕುಲುಕಿ ಅಭಿನಂದನೆ ಹೇಳಿದಳು.

"ಹಾಗಾದರೆ ಇವಳನ್ನು ತಂಡಕ್ಕೆ ಸೇರಿಸಿಕೊಳ್ಳುತ್ತೀರಿ," ಎಂದ ಗಂಗಾಧರ ತನ್ನ ಸ್ವೀಡಿಷಿನಲ್ಲಿ.

"ಆಗುವುದಿಲ್ಲ. ಟೈಮ್ ಬರಲಿಲ್ಲವಲ್ಲ."

"ಅವಳು ಗೆದ್ದಳು!"

"ಚೆನ್ನಾಗಿಯೇ ಗೆದ್ದಳು. ಆದರೆ ಗೆಲ್ಲುವುದು ಆ ದಿನ ಎದುರಿಗೆ ಯಾರಿದ್ದರು ಅನ್ನುವುದರ ಮೇಲೆ ನಿಂತಿರುತ್ತದೆ. ನನಗೆ ಬೇಕಾದದ್ದು ಇವಳು ಎಷ್ಟು ವೇಗವಾಗಿ ಓಡಬಲ್ಲಳು ಅನ್ನುವುದು." ಬಿರ್ಗಿಟ್ಟಾ ಲೋಟ ಕೆಳಗಿಟ್ಟಳು. ಅವಳ ಮುಖದಲ್ಲಿ ನಿಜವಾದ ಬೇಸರವಿತ್ತು. "ಮೊದಲ ಸುತ್ತುಗಳಲ್ಲಿ ಅದು ಕಾಣುತ್ತಿತ್ತು. ಇವತ್ತು ಒಂಬತ್ತು ಐವತ್ತರ ಹತ್ತಿರ ಮುಗಿಸುವ ಲೆಕ್ಕದಲ್ಲಿ ಓಡುತ್ತಿದ್ದಳು. ಇದ್ದಕ್ಕಿದ್ದಂತೆ ಯಾಕೆ ನಿಧಾನವಾದಳೋ ಗೊತ್ತಾಗಲಿಲ್ಲ. ಕಾಲುನೋವು ಮತ್ತೆ ಬಂತೇ?"

ನಿಜ ಹೇಳಲು ಅವನಿಗೆ ಸಮಯವಿತ್ತು. ಆಕೆ ಉತ್ತರಕ್ಕಾಗಿ ಕಾಯುತ್ತಲೂ ಇದ್ದಳು.

"ಗೊತ್ತಿಲ್ಲ," ಎಂದ ಗಂಗಾಧರ.

ಕಾರಿನಲ್ಲಿ ಅರ್ಧ ದಾರಿ ಮುಗಿದಿತ್ತು. ಕೊನೆಗೆ ತಡೆಯಲಾರದೆ ಅವನೇ ಕೇಳಿದ. "ಅಷ್ಟು ಚೆನ್ನಾಗಿ ಓಡ್ತಿದ್ದೆ. ನಾನು ಕೂಗಿದ್ರೆ ನೀನ್ಯಾಕೆ ಕೇಳಬೇಕಿತ್ತು?"

"ಎಲ್ಲರೂ ಹೇಯಾ ಹೇಯಾ ಅಂತಿದ್ರು, ಅದು ಬರೀ ಸೌಂಡ್ ಥರ ಇತ್ತು," ಎಂದಳು ನೀರಜಾ ಕಿಟಕಿಯಾಚೆ ನೋಡುತ್ತ. "ಕನ್ನಡದಲ್ಲಿ ಇದ್ದಿದ್ದು ನೀವೊಬ್ರೇ ಅಪ್ಪಾ." ಆಮೇಲೆ ಸ್ವೀಡಿಷಿನಲ್ಲಿ, ತನಗೆ ತಾನೇ ಹೇಳಿಕೊಳ್ಳುವಂತೆ, ಸುಸ್ತಾಗಿದೆ ಎಂದಳು.

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಲುಂಡ್‌ಗೆ ಮರಳಿ ವಾರ ಕಳೆಯುವುದರೊಳಗೆ ಓಟದ ಸ್ಪೈಕ್ಸ್ ಶೂಗಳನ್ನು ಹಳೆ ಸಾಮಾನಿನ ಅಂಗಡಿಗೆ ಕೊಟ್ಟುಬಂದಳೆಂದು ನಳಿನಿ ಹೇಳಿದಳು. ಕಾಲುನೋವು ಪೂರ್ತಿ ಹೋಗಿತ್ತು, ಬೆಳಿಗ್ಗೆ ಬೇಗ ಏಳುತ್ತಲೂ ಇದ್ದಳಂತೆ. ಎದ್ದು ಹಾಸಿಗೆಯ ಮೇಲೆ ಸುಮ್ಮನೆ ಕೂತಿರುತ್ತಾಳಂತೆ. ಗಂಗಾಧರ ಬಿರ್ಗಿಟ್ಟಾಳ ನಂಬರಿಗೆ ಎಷ್ಟೋ ಸಲ ಫೋನ್ ಮಾಡಹೊರಟು ಅರ್ಧಕ್ಕೇ ಬಿಟ್ಟ. ಹೇಳಿದರೂ ಏನಾಗಬೇಕು? ಓಟ ಮುಗಿದಿತ್ತು.

ಏಪ್ರಿಲಿನಲ್ಲಿ ಕನ್ನಡ ಕೂಟದವರ ಯುಗಾದಿ. ಬಾಡಿಗೆಗೆ ಹಿಡಿದ ಶಾಲೆಯೊಂದರ ಸಭಾಂಗಣ, ಬೇವು ಸಿಗದೆ ಬರೀ ಬೆಲ್ಲ, ಸಾಲಾಗಿ ಹೋಳಿಗೆಯ ಡಬ್ಬಿಗಳು. ಓಟದಲ್ಲಿ ಸ್ವೀಡನ್ನಿಗೇ ಮೊದಲಿಗಳಾದ ಕನ್ನಡದ ಹುಡುಗಿಗೆ ಸನ್ಮಾನ ಮಾಡಲೇಬೇಕೆಂದು ಕಾರ್ಯದರ್ಶಿ ಮಹೇಶ ಪಟ್ಟು ಹಿಡಿದಿದ್ದ. ನೀರಜಾ ಬರುವುದಿಲ್ಲ ಎಂದಿದ್ದಳು. ಅಮ್ಮನ ಮುಖ ನೋಡಿ ಲುಂಡ್‌ನಿಂದ ಬಂದಳು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ತಲೆ ಬಗ್ಗಿಸಿ ಹಾಕಿಸಿಕೊಂಡಳು.

"ಟೈಮ್ ಎಷ್ಟಾಯ್ತಮ್ಮ? ಎಲ್ಲರಿಗೂ ಹೇಳು," ಎಂದು ಮಹೇಶ ಮೈಕು ಅವಳ ಬಾಯಿಗೆ ಹಿಡಿದ.

"ಅಪ್ಪ ಹೇಳ್ತಾರೆ," ಎಂದಳು ನೀರಜಾ. ದನಿಯಲ್ಲಿ ಕೊಂಕಿರಲಿಲ್ಲ. ಏನೂ ಇರಲಿಲ್ಲ.

ಎಲ್ಲರೂ ನಗುತ್ತ ಮೊದಲ ಸಾಲಿನ ಕಡೆ ತಿರುಗಿದರು. ಗಂಗಾಧರ ಎದ್ದು ನಿಂತ. ಮೈಕು ಅವನ ಕೈಗೆ ಬಂತು. ಮಗಳು ವೇದಿಕೆಯ ಮೇಲಿಂದ ಅವನನ್ನೇ ನೋಡುತ್ತಿದ್ದಳು.

"ಹತ್ತು ನಿಮಿಷ ಇಪ್ಪತ್ತಾರು ಸೆಕೆಂಡ್," ಎಂದ.

ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.